ಪರದೆಯ ಹಗ್ಗ

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಊರುಗಳಲ್ಲಿ ತೊಗರಿಯ ರಾಶಿ ಮುಗಿದು, ಜಾತ್ರೆಯ ತೇರು ಎಳೆದಾದ ಮೇಲೆ ನಾಟಕವಾಗುವುದು ರೂಢಿಯಷ್ಟೆ. ಊರಿನ ತರುಣರು ತಿಂಗಳುಗಟ್ಟಲೆ ತಾಲೀಮು ಮಾಡಿ ನಾಯಕ, ಖಳನಾಯಕ, ಗೌಡ, ಫೌಜದಾರ ಮುಂತಾದ ಪಾತ್ರಗಳನ್ನು ತಮ್ಮೊಳಗೆ ಹಂಚಿಕೊಳ್ಳುತ್ತಾರೆ. ಸ್ತ್ರೀಪಾತ್ರಗಳಿಗೆ ಮಾತ್ರ ಪರಸ್ಥಳದ ವೃತ್ತಿನಟಿಯರನ್ನು ಸಂಭಾವನೆ ಗೊತ್ತುಮಾಡಿ ಕರೆಯಿಸುತ್ತಾರೆ. ನಟಿಯು ಮಧ್ಯಾಹ್ನದ ಬಸ್ಸಿಗೆ ಬಂದಿಳಿಯುವಳು. ಹಾರ್ಮೋನಿಯಂ ಮಾಸ್ತರರೊಡನೆ ಕುಳಿತು ಹಾಡುಗಳ ಸ್ವರ ಕೂಡಿಸಿಕೊಳ್ಳುವಳು. ಕತ್ತಲಾದ ಮೇಲೆ ಬಣ್ಣ ಹಚ್ಚಿಕೊಂಡು ಬೆಳಗಿನ ಜಾವದವರೆಗೆ ಮೂವತ್ತು ಮಂದಿ ಗಂಡಸರ ನಡುವೆ ಒಬ್ಬಳೋ ಇಬ್ಬರೋ ನಿಂತು ಆಟವನ್ನು ದಡ ಮುಟ್ಟಿಸುವಳು. ನಾಯಕನು ಮಾತು ಮರೆತು ಬೆವರಿದಾಗ ಅವನ ಮಾತನ್ನೂ ತನ್ನ ಪ್ರಶ್ನೆಯೊಳಗೆ ಸೇರಿಸಿ ಅವನನ್ನು ಉಳಿಸುವವಳು ಅವಳೇ. ಆದರೆ ಪರದೆಯನ್ನು ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಎಂದು ಅವಳನ್ನು ಕೇಳುವವರಿಲ್ಲ. ಆ ಹಗ್ಗವು ಬೇರೆ ಕೈಯಲ್ಲಿರುತ್ತದೆ.

ದುಡಿಯುವ ಸ್ತ್ರೀಯ ಅಧಿಕಾರವನ್ನು ಕುರಿತು ವಿಚಾರಿಸುವವರು ಈ ಹಗ್ಗವನ್ನು ಕಣ್ಣಮುಂದೆ ಇಟ್ಟುಕೊಳ್ಳುವುದು ಒಳ್ಳೆಯದು. ಪಾತ್ರದಲ್ಲಿ ತೋರುವ ಪ್ರಭಾವ ಒಂದು. ಕಾರ್ಯದ ಮೇಲಿರುವ ಒಡೆತನ ಇನ್ನೊಂದು. ರಂಗದ ಮೇಲೆ ರಾಣಿಯಾಗಿ ಸಾಮ್ರಾಜ್ಯವನ್ನು ಆಳಿದವಳು ನೇಪಥ್ಯಕ್ಕೆ ಬಂದೊಡನೆ ತನ್ನ ದುಡಿಮೆಯ ಹಣಕ್ಕಾಗಿ ಬೆಳಗಿನ ತನಕ ಕಾದು ನಿಲ್ಲಬೇಕಾದರೆ, ಆ ಸಾಮ್ರಾಜ್ಯವು ಬಣ್ಣದೊಡನೆ ತೊಳೆದುಹೋಯಿತೆಂದೇ ತಿಳಿಯತಕ್ಕದ್ದು. ಕನ್ನಡದ ರಂಗಭೂಮಿಯೂ ಚಲಚ್ಚಿತ್ರವೂ ಸ್ತ್ರೀಗೆ ಮೊದಲನೆಯದನ್ನು ಧಾರಾಳವಾಗಿ ಕೊಟ್ಟಿವೆ. ಎರಡನೆಯದನ್ನು ಅವಳು ತಾನೇ ತೆಗೆದುಕೊಳ್ಳಬೇಕಾಯಿತು.

ಮೊದಲು ಆ ಪಾತ್ರವಾದರೂ ಅವಳದಾಗಿರಲಿಲ್ಲ. ಸೀತೆ, ದ್ರೌಪದಿಯರೆಲ್ಲ ಗಡ್ಡ ಬೋಳಿಸಿಕೊಂಡ ಗಂಡಸರೇ ಆಗಿದ್ದ ಕಾಲವೊಂದಿತ್ತು. ಶತಾಯುಷಿ ಏಣಗಿ ಬಾಳಪ್ಪನವರೂ ತಮ್ಮ ರಂಗಜೀವನದ ಮೊದಲಲ್ಲಿ ಸ್ತ್ರೀವೇಷ ಧರಿಸಿದವರೇ. ನೆರೆಯ ಮರಾಠಿ ರಂಗದಲ್ಲಿ ಬಾಲಗಂಧರ್ವರ ಸೀರೆಯ ಸೆರಗನ್ನು ನೋಡಿ ಗೃಹಿಣಿಯರು ಉಡುಗೆಯನ್ನು ಕಲಿತರೆಂಬ ಮಾತು ಇಂದಿಗೂ ಪ್ರಚಾರದಲ್ಲಿದೆ. ಅಂಥ ಬಾಲಗಂಧರ್ವರ ರಂಗಕ್ಕೆ ೧೯೩೮ರಲ್ಲಿ ಬೀಳಗಿಯ ಗೋಹರಬಾಯಿ ಕರ್ನಾಟಕಿಯವರು ಬಂದರು. ಸ್ತ್ರೀಯ ಪಾತ್ರವನ್ನು ಸ್ತ್ರೀಯೇ ಧರಿಸಿದಾಗ ಅದು ಸಹಜವೆಂದು ಸಂತೋಷಪಡಬೇಕಾದವರು ಆಕೆಯನ್ನೇ ದೂರಿದರು. ಮಂಡಳಿಯ ಇಳಿಗಾಲದ ಹೊರೆಯನ್ನೂ ಆಕೆಯ ತಲೆಗೆ ಕಟ್ಟಿದವರುಂಟು. ತನ್ನದೇ ರೂಪವನ್ನು ತಾನು ತೋರಿಸುವುದಕ್ಕೂ ಸ್ತ್ರೀಯು ಕ್ಷಮೆ ಬೇಡಬೇಕಾದ ವಿಚಿತ್ರವನ್ನು ಈ ಪ್ರಸಂಗದಲ್ಲಿ ಕಾಣಬಹುದು. ೧೯೩೪ರಲ್ಲಿ ಕನ್ನಡದ ಮೊದಲ ವಾಕ್ಚಿತ್ರವು ತೆರೆಗೆ ಬಂದಾಗ ಅದರ ಹೆಸರು ‘ಸತಿ ಸುಲೋಚನ’ ಎಂದಿತ್ತು. ಹೆಂಗಸಿಗೆ ದೊರೆತ ಮೊದಲ ಬಿರುದು ‘ಸತಿ’ ಎಂಬುದು ಆಕಸ್ಮಿಕವಲ್ಲ. ನಾಟಕ ಕಂಪನಿಗಳ ಆದರ್ಶಗಳನ್ನು ಬೋಲುಪಟವು ಹಾಗೆಯೇ ಹೊತ್ತು ತಂದಿತ್ತು.

ಇಂಥ ಕಾಲದಲ್ಲಿಯೇ ಎಂ. ವಿ. ರಾಜಮ್ಮನವರು ಮಾಡಿದ ಕಾರ್ಯವು ವಿಶೇಷವಾಗಿ ಗಣನೀಯವಾದುದು. ೧೯೩೬ರ ‘ಸಂಸಾರ ನೌಕೆ’ಯಲ್ಲಿ ನಾಯಿಕೆಯಾಗಿ ಹೆಸರು ಪಡೆದ ಈಕೆ ೧೯೪೩ರಲ್ಲಿ ‘ರಾಧಾರಮಣ’ ಚಿತ್ರವನ್ನು ತಾವೇ ನಿರ್ಮಿಸಿದರು. ಕನ್ನಡ ಚಿತ್ರರಂಗದ ಮೊದಲ ನಿರ್ಮಾಪಕಿ ಎನಿಸಿದರು. ಚಿತ್ರ ನಿರ್ಮಾಣವೆಂದರೆ ಹಣ ಹೂಡುವುದೊಂದೇ ಅಲ್ಲ. ಯಾರು ನಟಿಸಬೇಕು, ಯಾರಿಗೆ ಎಷ್ಟು ಕೊಡಬೇಕು, ಯಾವ ದೃಶ್ಯ ಉಳಿಯಬೇಕು ಎಂಬ ನಿರ್ಣಯಗಳ ಕೆಳಗೆ ಸಹಿ ಹಾಕುವುದು. ನಷ್ಟ ಬಂದರೆ ತಾನೇ ಹೊರುವುದು. ಬಣ್ಣ ಹಚ್ಚಿಕೊಂಡ ಕೈಯೇ ಲೆಕ್ಕದ ಪುಸ್ತಕವನ್ನೂ ಹಿಡಿದುದು ಅಂದಿನ ದಿನಗಳಲ್ಲಿ ಸಾಮಾನ್ಯ ಸಂಗತಿಯಲ್ಲ. ಪೌರಾಣಿಕ ಚಿತ್ರವಾದುದರಿಂದ ಅದರ ಕಥೆಯಲ್ಲಿ ಹೊಸ ಸ್ತ್ರೀಯನ್ನು ಹುಡುಕುವುದು ವ್ಯರ್ಥ. ಹೊಸ ಸ್ತ್ರೀ ಇದ್ದುದು ಕಥೆಯ ಹೊರಗೆ, ನಿರ್ಮಾಪಕರ ಆಸನದಲ್ಲಿ.

ರಂಗಭೂಮಿಯಲ್ಲಿ ಇದಕ್ಕೆ ಸಮನಾದ ಸಾಹಸವನ್ನು ಮಾಡಿದವರು ಆರ್. ನಾಗರತ್ನಮ್ಮನವರು. ೧೯೫೮ರಲ್ಲಿ ಅವರು ಸ್ಥಾಪಿಸಿದ ಸ್ತ್ರೀ ನಾಟಕ ಮಂಡಳಿಯಲ್ಲಿ ಎಲ್ಲ ಪಾತ್ರಗಳೂ ಹೆಂಗಸರವೇ. ಕಂಸನಂಥ ಪುರುಷಪಾತ್ರಗಳಲ್ಲಿ ನಾಗರತ್ನಮ್ಮನವರೇ ಗದೆ ಹಿಡಿದು ಗರ್ಜಿಸಿದರು. ೨೦೧೨ರಲ್ಲಿ ಪದ್ಮಶ್ರೀ ಪ್ರಶಸ್ತಿ ಪಡೆದು, ಅದೇ ವರ್ಷ ಅವರು ತೀರಿಕೊಂಡರು. ಮೀಸೆ ಅಂಟಿಸಿಕೊಂಡ ಮಾತ್ರಕ್ಕೆ ಸ್ತ್ರೀಗೆ ಬಲ ಬಂದೀತೇ, ಇದು ಪುರುಷನ ಅನುಕರಣವಲ್ಲವೇ ಎಂದು ಕೇಳಬಹುದು. ಪ್ರಶ್ನೆಯು ನ್ಯಾಯವಾದುದೇ. ಆದರೆ ಪುರುಷನು ಸೀರೆಯುಟ್ಟಾಗ ಅದನ್ನು ಕಲೆಯೆಂದು ಕರೆದವರು ಸ್ತ್ರೀಯು ಮೀಸೆಯಿಟ್ಟಾಗ ಅನುಕರಣವೆನ್ನುವುದು ಒಂದೇ ತಕ್ಕಡಿಯ ತೂಕವಲ್ಲ. ಮೇಲಾಗಿ ನಾಗರತ್ನಮ್ಮನವರ ಸಾಧನೆಯನ್ನು ಕಂಸನ ಕಿರೀಟದಲ್ಲಿ ಹುಡುಕಬಾರದು. ಹೆಂಗಸರನ್ನು ಕೂಡಿಸಿ, ಕಲಿಸಿ, ಊರೂರು ಕರೆದೊಯ್ದು, ಆಟ ನಡೆಯಿಸಿದ ವ್ಯವಸ್ಥೆಯಲ್ಲಿ ಅದು ಇದೆ. ಅಲ್ಲಿ ಪರದೆಯ ಹಗ್ಗವು ಹೆಂಗಸರ ಕೈಗೆ ಬಂದಿತ್ತು.

ಇನ್ನು ತೆರೆಯ ಮೇಲಣ ಕಥೆಗಳನ್ನು ಪರಿಶೀಲಿಸುವಾಗ ೧೯೮೧ರ ‘ರಂಗನಾಯಕಿ’ಯನ್ನು ಬಿಟ್ಟು ಮುಂದೆ ಹೋಗಲಾಗದು. ಪುಟ್ಟಣ್ಣ ಕಣಗಾಲರ ಈ ಚಿತ್ರದಲ್ಲಿ ಆರತಿಯವರು ನಾಟಕ ಕಂಪನಿಯ ನಟಿಯಾಗಿ ಅಭಿನಯಿಸಿದ್ದಾರೆ. ಮದುವೆಯಾದೊಡನೆ ಅವಳು ರಂಗವನ್ನು ತೊರೆಯಬೇಕಾಗುತ್ತದೆ. ಮತ್ತೊಮ್ಮೆ ಬಣ್ಣ ಹಚ್ಚಿದುದೇ ಅಪರಾಧವಾಗಿ ಗಂಡನು ಮಗುವಿನೊಡನೆ ದೂರವಾಗುತ್ತಾನೆ. ಇಲ್ಲಿಯವರೆಗೆ ಚಿತ್ರವು ಒಂದು ದೊಡ್ಡ ಪ್ರಶ್ನೆಯನ್ನು ಎತ್ತಿ ಹಿಡಿಯುತ್ತದೆ: ಸ್ತ್ರೀಗೆ ತನ್ನ ಕಸುಬು ಉಸಿರಿನಂತಿದ್ದರೆ ಅದನ್ನು ಬಿಡೆಂದು ಹೇಳುವ ಅಧಿಕಾರ ಯಾರಿಗಿದೆ? ಆದರೆ ಉತ್ತರಾರ್ಧದಲ್ಲಿ ಅವಳು ಚಿತ್ರತಾರೆಯಾಗಿ ಬೆಳಗಿದ ಮೇಲೆ, ಬೆಳೆದ ಮಗನು ಅವಳನ್ನು ತಾಯಿಯೆಂದರಿಯದೆ ಅನುರಕ್ತನಾಗುತ್ತಾನೆ. ಕಸುಬಿನ ಪ್ರಶ್ನೆಯು ತಾಯ್ತನದ ಸಂಕಟದಲ್ಲಿ ಮುಳುಗಿಹೋಗುತ್ತದೆ. ಆರತಿಯವರ ಅಭಿನಯವು ಎಷ್ಟು ಉಜ್ವಲವಾಗಿದ್ದರೂ, ಕಥೆಯು ಅವಳ ಯಶಸ್ಸಿಗೆ ದಂಡ ವಿಧಿಸಿದಂತೆ ತೋರುವುದು. ದುಡಿದು ಗೆದ್ದ ಗಂಡಸಿಗೆ ಇಂಥ ದಂಡವನ್ನು ಯಾವ ಕಥೆಗಾರನೂ ವಿಧಿಸಿದಂತಿಲ್ಲ.

ಎರಡು ವರ್ಷಗಳ ಬಳಿಕ ಬಂದ ‘ಫಣಿಯಮ್ಮ’ದ ದಾರಿಯೇ ಬೇರೆ. ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನು ಪ್ರೇಮಾ ಕಾರಂತರು ೧೯೮೩ರಲ್ಲಿ ಚಿತ್ರವಾಗಿಸಿದರು. ಅದು ಶ್ರೇಷ್ಠ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿಗೂ ಪಾತ್ರವಾಯಿತು. ಬಾಲವಿಧವೆಯಾದ ಫಣಿಯಮ್ಮನಿಗೆ ಕಚೇರಿಯಿಲ್ಲ, ಹುದ್ದೆಯಿಲ್ಲ, ಎತ್ತರದ ಮಾತೂ ಇಲ್ಲ. ಆದರೆ ಹೆರಿಗೆಯ ನೋವಿನಲ್ಲಿ ಬಿದ್ದ ಹೆಣ್ಣಿನ ಮುಂದೆ ಜಾತಿಯ ಗೆರೆ ಅಡ್ಡಬಂದಾಗ ಅವಳು ಆ ಗೆರೆಯನ್ನು ದಾಟಿ ನಡೆಯುತ್ತಾಳೆ. ತರುಣಿ ವಿಧವೆಯೊಬ್ಬಳು ತಲೆ ಬೋಳಿಸಿಕೊಳ್ಳಲಾರೆನೆಂದಾಗ ಅವಳ ಪಕ್ಷವನ್ನು ವಹಿಸುತ್ತಾಳೆ. ಮಾಡಬಲ್ಲ ಕೆಲಸದಿಂದಲೇ ಹುಟ್ಟಿದ ಅಧಿಕಾರವಿದು. ಕೊಟ್ಟವರಿಲ್ಲವಾದುದರಿಂದ ಕಿತ್ತುಕೊಳ್ಳುವವರೂ ಇಲ್ಲ. ಕ್ಯಾಮರದ ಹಿಂದೆ ನಿಂತು ಆಜ್ಞೆ ಕೊಡುವುದು ಗಂಡಸರ ಕೆಲಸವೆಂದೇ ತಿಳಿದಿದ್ದ ಉದ್ಯಮದಲ್ಲಿ ಪ್ರೇಮಾ ಕಾರಂತರು ತಮ್ಮ ಮೊದಲ ಕಥಾಚಿತ್ರಕ್ಕೆ ಇಂಥ ಮೌನಿಯನ್ನು ನಾಯಿಕೆಯಾಗಿ ಆರಿಸಿಕೊಂಡುದು ಅರ್ಥಪೂರ್ಣವಾಗಿದೆ. ಕಥೆಯ ಒಳಗಣ ಅಧಿಕಾರವೂ ಹೊರಗಣ ಅಧಿಕಾರವೂ ಇಲ್ಲಿ ಕೈಕೈ ಹಿಡಿದಿವೆ. ಈ ಚಿತ್ರದ ನಿಜವಾದ ಹಿರಿಮೆ ಇದು.

ಮೌನದಿಂದ ಅಬ್ಬರಕ್ಕೆ ಬಂದರೆ ಮಾಲಾಶ್ರೀಯವರ ಸಾಹಸಚಿತ್ರಗಳು ಎದುರಾಗುತ್ತವೆ. ೨೦೦೪ರ ‘ದುರ್ಗಿ’, ೨೦೦೯ರ ‘ಕಿರಣ್ ಬೇಡಿ’ ಮುಂತಾದವುಗಳಲ್ಲಿ ನಾಯಿಕೆಯೇ ಏಟಿಗೆ ಎದುರೇಟು ಕೊಡುವಳು. ಇವುಗಳನ್ನು ಹೀಗಳೆದು ಬಿಡುವುದು ಸುಲಭ, ಆದರೆ ಸರಿಯಲ್ಲ. ನಾಯಕನ ಬೆನ್ನ ಹಿಂದೆ ಅಡಗಿ ಕಿರುಚುವ ನಾಯಿಕೆಯನ್ನೇ ನೋಡಿ ಬೇಸತ್ತ ಹೆಂಗಸರಿಗೆ ಈ ದೃಶ್ಯವು ಕೊಟ್ಟ ಸಮಾಧಾನವು ಸಣ್ಣದಲ್ಲ. ಕೊರತೆಯಿರುವುದು ಬೇರೆಡೆಯಲ್ಲಿ. ಖಾಕಿ ತೊಟ್ಟ ನಾಯಿಕೆಯ ಕೈಯಲ್ಲಿರುವುದು ಗಂಡಸು ನಾಯಕನ ಮುಷ್ಟಿಯೇ. ೧೯೭೨ರಲ್ಲಿ ಪೋಲೀಸು ಸೇವೆಯನ್ನು ಸೇರಿದ ನಿಜವಾದ ಕಿರಣ್ ಬೇಡಿಯವರ ಕಾರ್ಯವು ಕಡತ, ನಿಯಮ, ವರ್ಗಾವಣೆ, ಮೇಲಧಿಕಾರಿಗಳ ಮನಸ್ಸು ಇವುಗಳ ನಡುವೆ ನಡೆಯಬೇಕಾದುದು. ಅಂಥ ಕಚೇರಿಯ ದೀರ್ಘ ಹೋರಾಟಕ್ಕೆ ಸಾಹಸಚಿತ್ರಗಳಲ್ಲಿ ಸ್ಥಳವಿಲ್ಲ. ಮುಷ್ಟಿಯ ಯುದ್ಧವು ಹತ್ತು ನಿಮಿಷದಲ್ಲಿ ಮುಗಿಯುವುದಲ್ಲವೇ! ಸುಮನಾ ಕಿತ್ತೂರರು ಪೂರ್ಣಚಂದ್ರ ತೇಜಸ್ವಿಯವರ ಕಥೆಯಿಂದ ೨೦೧೬ರಲ್ಲಿ ನಿರ್ದೇಶಿಸಿದ ‘ಕಿರಗೂರಿನ ಗಯ್ಯಾಳಿಗಳು’ ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ. ಅಲ್ಲಿ ಬಲವು ಒಬ್ಬಳದಲ್ಲ, ಊರಿನ ಹೆಂಗಸರೆಲ್ಲರದು. ದುಡಿಯುವವರು ತಾವೇ ಆಗಿರುವುದರಿಂದ ಊರು ತಮ್ಮದೂ ಹೌದೆಂದು ಅವರು ಹೇಳುತ್ತಾರೆ. ನಗೆಯ ಮರೆಯಲ್ಲಿ ಹೇಳಿದುದರಿಂದ ಗಂಡಸರೂ ಕೇಳಿ ನಕ್ಕರು. ನಕ್ಕು ಮನೆಗೆ ಹೋದ ಮೇಲೆ ಏನಾಯಿತೆಂಬುದು ಚಿತ್ರದ ಹೊರಗಣ ಮಾತು.

ಆ ಹೊರಗಣ ಮಾತಿಗೆ ಈ ಮೂರು ತಾಲೂಕುಗಳು ತಕ್ಕ ಸಾಕ್ಷಿಗಳಾಗಿವೆ. ಕರ್ನಾಟಕದಲ್ಲಿ ೧೯೮೭ರ ಮಂಡಲ ಪಂಚಾಯತಿ ಚುನಾವಣೆಗಳಲ್ಲಿಯೇ ಸ್ತ್ರೀಯರಿಗೆ ಶೇಕಡ ೨೫ ಸ್ಥಾನಗಳು ಮೀಸಲಾದವು. ೧೯೯೩ರ ಸಂವಿಧಾನ ತಿದ್ದುಪಡಿಯು ಅದನ್ನು ಮೂರನೆಯ ಒಂದು ಪಾಲಿಗೆ ಏರಿಸಿತು. ೨೦೧೦ರಲ್ಲಿ ರಾಜ್ಯದ ಕಾನೂನು ಅರ್ಧಕ್ಕೆ ತಂದಿತು. ಕಾನೂನು ಕುರ್ಚಿಯನ್ನು ಕೊಟ್ಟಿತು. ಆದರೆ ಅಧ್ಯಕ್ಷೆಯ ಕುರ್ಚಿಯ ಪಕ್ಕದಲ್ಲಿ ಗಂಡನಿಗೋ ಮೈದುನನಿಗೋ ಇನ್ನೊಂದು ಕುರ್ಚಿ ಬೀಳುವುದನ್ನು ನೋಡದವರು ವಿರಳ. ಹಿಂದೆ ಗಂಡಸು ಸೀರೆಯುಟ್ಟು ಸ್ತ್ರೀಪಾತ್ರ ವಹಿಸಿದನು. ಈಗ ಸೀರೆಯುಡದೆಯೇ ವಹಿಸುತ್ತಾನೆ! ಇದರ ನಡುವೆಯೂ, ಕಾಗದವನ್ನು ಓದಿ ತಿಳಿಯದೆ ಸಹಿ ಹಾಕೆನೆಂದು ಹೇಳಿದ ಒಬ್ಬೊಬ್ಬ ಸದಸ್ಯೆಯೂ ಕುರ್ಚಿಯನ್ನು ತನ್ನದಾಗಿಸಿಕೊಂಡಿದ್ದಾಳೆ. ೨೦೦೫ರ ಉದ್ಯೋಗ ಖಾತರಿ ಕಾಯಿದೆಯ ಕಾಮಗಾರಿಗಳಲ್ಲಿ ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿಯೆಂಬ ನಿಯಮ ಬಂದಿತು. ಕೂಲಿಕಾರರ ಮುಂದಾಳಿಗೆ ಕರ್ನಾಟಕದಲ್ಲಿ ‘ಕಾಯಕಬಂಧು’ ಎಂಬ ಹೆಸರು ಸಂದಿತು. ಹೆಣ್ಣುಮಗಳು ಹಾಜರಿ ಪುಸ್ತಕ ಹಿಡಿದು ಗಂಡಸರ ಹೆಸರು ಕರೆದುದು ಚಲಚ್ಚಿತ್ರದ ಯಾವ ಹೊಡೆದಾಟಕ್ಕೂ ಕಡಿಮೆಯಾದ ದೃಶ್ಯವಲ್ಲ.

‘ಕಾಯಕ’ವೆಂಬ ಆ ಮಾತು ಈ ನಾಡಿಗೆ ಎರವಲಾಗಿ ಬಂದುದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಬೀದಿಯಲ್ಲಿ ಬಿದ್ದ ಅಕ್ಕಿಯನ್ನು ಆಯುವ ಕಾಯಕದ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಅದನ್ನು ಹಿಂದಕ್ಕೆ ಸುರಿದು ಬಾ ಎಂದು ಹೇಳಿದವಳು ಅವನ ಹೆಂಡತಿ ಲಕ್ಕಮ್ಮ. ಆಯ್ದಕ್ಕಿ ಲಕ್ಕಮ್ಮನ ಅಧಿಕಾರವು ಹೆಂಡತಿಯ ಮುನಿಸಿನಿಂದ ಬಂದುದಲ್ಲ; ಕಾಯಕದ ಲೆಕ್ಕವನ್ನು ಗಂಡನಿಗಿಂತ ಚೆನ್ನಾಗಿ ಬಲ್ಲೆನೆಂಬ ಧೈರ್ಯದಿಂದ ಬಂದುದು. ಅವಳಂತೆಯೇ ನೂಲುವ ರೆಮ್ಮವ್ವೆ, ಕಸಗುಡಿಸುವ ಸತ್ಯಕ್ಕ ಇವರೂ ದುಡಿಯುವ ಕೈಯಿಂದಲೇ ಮಾತಿನ ಹಕ್ಕನ್ನು ಪಡೆದರು. ಷಣ್ಮುಖ ಶಿವಯೋಗಿಯ ಜೇವರ್ಗಿಗೂ ಭಾಗ್ಯವಂತಿಯ ತೇರನ್ನೆಳೆಯುವ ಘತ್ತರಗಿಗೂ ಇದನ್ನು ಹೊಸದಾಗಿ ಬೋಧಿಸಬೇಕಾಗಿಲ್ಲ. ದೇವಿಯ ಶಕ್ತಿಗೆ ಕೈಮುಗಿಯುವ ಜನವು, ಅದೇ ಜಾತ್ರೆಯ ರಾತ್ರಿ ರಂಗದ ಮೇಲೆ ದುಡಿಯುವ ಹೆಣ್ಣಿನ ಹಕ್ಕಿಗೆ ಕಣ್ಣು ತೆರೆದರೆ ಸಾಕು.

ಅದಕ್ಕೆ ಬೇಕಾದುದು ಬಹಳವೇನೂ ಇಲ್ಲ. ನಟಿಯ ಹೆಸರನ್ನು ಹ್ಯಾಂಡುಬಿಲ್ಲಿನಲ್ಲಿ ದೇಣಿಗೆ ಕೊಟ್ಟವರ ಚಿತ್ರಗಳ ಕೆಳಗೆ ಸಣ್ಣಕ್ಷರದಲ್ಲಿ ಒತ್ತದೆ ಮೇಲೆ ಅಚ್ಚಿಸುವುದು. ಬಣ್ಣ ಹಚ್ಚಿಕೊಳ್ಳಲು ಬಾಗಿಲಿರುವ ಒಂದು ಕೋಣೆ. ಪರದೆ ಏಳುವ ಮೊದಲೇ ಅವಳ ಕೈಗೆ ಸೇರುವ ಪೂರ್ತಿ ಸಂಭಾವನೆ. ತಾಲೀಮಿನಲ್ಲಿ ಅವಳ ಸಲಹೆಗೆ ಬೆಲೆ. ಕುಡಿದು ರಂಗವನ್ನೇರುವವನಿದ್ದರೆ ಆಟ ನಿಲ್ಲಲಿ ಎಂದು ಅವಳು ಹೇಳಿದಾಗ ಆಟ ನಿಲ್ಲಬೇಕು. ಇಷ್ಟನ್ನು ನಡೆಯಿಸಿಕೊಡುವ ಊರಿನ ನಾಟಕವು ಕೆಟ್ಟೀತೆಂಬ ಭಯ ಬೇಡ. ಆಟವನ್ನು ಈವರೆಗೆ ದಡ ಮುಟ್ಟಿಸಿದವಳು ಅವಳೇ ಅಲ್ಲವೇ? ಮುಂದಿನ ಜಾತ್ರೆಯ ನಾಟಕಕ್ಕೆ ಹೋಗುವ ಗೃಹಸ್ಥರೂ ಗೃಹಿಣಿಯರೂ ಪರದೆಯ ಮೇಲಿನ ಚಿತ್ರವನ್ನು ನೋಡಿ ಮೆಚ್ಚಿದ ಬಳಿಕ, ಒಮ್ಮೆ ಬದಿಗೆ ಕಣ್ಣು ಹಾಯಿಸಿ, ಅದರ ಹಗ್ಗವು ಯಾರ ಕೈಯಲ್ಲಿದೆಯೆಂಬುದನ್ನೂ ನೋಡಲಿ.