ಬಿದ್ದವರ ನಂಬಿಗಸ್ತಿಕೆ: ಎಂಡೊ ಅವರ ‘ಮೌನ’ ಕಾದಂಬರಿಯ ಒಂದು ಓದು

ನಮ್ಮ ಚರ್ಚುಗಳಲ್ಲಿ ರಕ್ತಸಾಕ್ಷಿಗಳ ಕಥೆ ಹೇಳುವುದಕ್ಕೆ ಒಂದೇ ಧಾಟಿಯಿದೆ. ಸಿಂಹಗಳ ಮುಂದೆ ನಿಂತವರು, ಬೆಂಕಿಗೆ ಮೈಯೊಡ್ಡಿದವರು, ಕತ್ತಿಗೆ ಕೊರಳು ಕೊಟ್ಟವರು, ಹೀಗೆ ಕೊನೆಯವರೆಗೂ ಅಲುಗಾಡದವರ ಕಥೆಗಳನ್ನೇ ಮಕ್ಕಳಿಗೆ ಹೇಳುತ್ತೇವೆ. ಹೇಳಲೇಬೇಕು. ಆದರೆ ಅದೇ ಬೆಂಕಿಯನ್ನು ಕಂಡು ಕಾಲು ನಡುಗಿ ಹಿಂದೆ ಸರಿದವರ ಕಥೆಯನ್ನು ಯಾರೂ ಎತ್ತುವುದಿಲ್ಲ. ಹಿಂಸೆ ನಡೆದ ಕಡೆಯಲ್ಲೆಲ್ಲ ಅಂಥವರೂ ಇದ್ದರು, ಅವರಲ್ಲಿ ಅನೇಕರು ಬದುಕಿ ಉಳಿದರು, ಉಳಿದು ಮಕ್ಕಳನ್ನು ಬೆಳೆಸಿದರು. ಜಪಾನಿನ ಲೇಖಕ ಶುಸಾಕು ಎಂಡೊ 1966ರಲ್ಲಿ ಪ್ರಕಟಿಸಿದ ‘ಮೌನ’ ಕಾದಂಬರಿ ಅವರ ಪಕ್ಕದಲ್ಲಿ ಕುಳಿತು ಬರೆದದ್ದು. ಈ ಕೃತಿಯ ಕರುಣೆಯನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಅದು ತಲುಪುವ ತೀರ್ಮಾನವನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಉಳಿದರ್ಧಕ್ಕೆ ಉತ್ತರ ಕಾದಂಬರಿಯ ಹೊರಗೆ, ಜಪಾನಿನ ಇತಿಹಾಸದಲ್ಲಿಯೇ ಇದೆ.

ಹಿನ್ನೆಲೆ ಇದು. ಹದಿನೇಳನೆಯ ಶತಮಾನದ ಆರಂಭದಲ್ಲಿ ಜಪಾನಿನಲ್ಲಿ ಸುಮಾರು ಮೂರು ಲಕ್ಷ ಕ್ರೈಸ್ತರಿದ್ದರೆಂದು ಅಂದಾಜಿದೆ. 1597ರಲ್ಲಿಯೇ ನಾಗಸಾಕಿಯ ಗುಡ್ಡದ ಮೇಲೆ 26 ಮಂದಿಯನ್ನು ಶಿಲುಬೆಗೇರಿಸಲಾಗಿತ್ತು. ಅವರಲ್ಲಿ ಮುಂಬಯಿ ಬಳಿಯ ವಸಯಿಯಲ್ಲಿ ಹುಟ್ಟಿದ ಗೊನ್ಸಾಲೊ ಗಾರ್ಸಿಯಾ ಕೂಡ ಒಬ್ಬರು. 1614ರಲ್ಲಿ ತೊಕುಗಾವಾ ಆಡಳಿತ ಇಡೀ ದೇಶದಲ್ಲಿ ಕ್ರೈಸ್ತ ಧರ್ಮವನ್ನು ನಿಷೇಧಿಸಿತು. ಕೊಂದಷ್ಟೂ ಸತ್ತವರ ಗೌರವ ಹೆಚ್ಚುತ್ತದೆ ಎಂಬುದು ಅಧಿಕಾರಿಗಳಿಗೆ ಬೇಗ ತಿಳಿಯಿತು. ಆಮೇಲೆ ಅವರು ಕೊಲ್ಲುವುದಕ್ಕಿಂತ ಬೀಳಿಸುವುದರ ಕಡೆ ಗಮನ ಕೊಟ್ಟರು. ಕ್ರಿಸ್ತನ ಅಥವಾ ಮರಿಯಮ್ಮನವರ ಚಿತ್ರವನ್ನು ನೆಲದ ಮೇಲಿಟ್ಟು ತುಳಿಯಿರಿ ಎಂದರು. ಆ ಚಿತ್ರಫಲಕದ ಹೆಸರು ಫುಮಿಯೆ. ಮಣಿಯದವರನ್ನು ಗುಂಡಿಯಲ್ಲಿ ತಲೆಕೆಳಗಾಗಿ ತೂಗುಹಾಕಿದರು. ಪ್ರಾಣ ಬೇಗ ಹೋಗದಿರಲೆಂದು ಕಿವಿಯ ಹಿಂದೆ ಸಣ್ಣದಾಗಿ ಗಾಯ ಮಾಡಿ ರಕ್ತ ತೊಟ್ಟಿಕ್ಕಲು ಬಿಡುತ್ತಿದ್ದರು. ಪೋರ್ಚುಗೀಸ್ ಜೆಸ್ವಿಟ್ ಗುರು ಕ್ರಿಸ್ಟೊವಾವ್ ಫೆರೇರಾ 1633ರಲ್ಲಿ ಈ ಗುಂಡಿಯಲ್ಲಿ ಐದು ಗಂಟೆಗಳ ನಂತರ ವಿಶ್ವಾಸ ತ್ಯಜಿಸಿದರು. ಸುದ್ದಿ ಯುರೋಪನ್ನು ತಲ್ಲಣಗೊಳಿಸಿತು. ಎಂಡೊ ಅವರ ಕಥೆ ಇಲ್ಲಿಂದ ಹೊರಡುತ್ತದೆ.

ಫೆರೇರಾರ ಶಿಷ್ಯ ಸೆಬಾಸ್ಟಿಯನ್ ರೊಡ್ರಿಗಸ್ ತನ್ನ ಗುರು ಬಿದ್ದಿರಲಾರರು ಎಂಬ ನಂಬಿಕೆಯಿಂದ ಲಿಸ್ಬನ್ನಿನಿಂದ ಹೊರಟು, ಗೋವಾ ಮತ್ತು ಮಕಾವ್ ದಾಟಿ, ಗುಟ್ಟಾಗಿ ಜಪಾನಿನ ದಡ ಸೇರುತ್ತಾನೆ. 1643ರಲ್ಲಿ ಸೆರೆಸಿಕ್ಕ ಇಟಲಿಯ ಗುರು ಜುಸೆಪ್ಪೆ ಕಿಯಾರಾ ಈ ಪಾತ್ರಕ್ಕೆ ಮೂಲ. ಕಾದಂಬರಿಯ ಮೊದಲ ಭಾಗ ರೊಡ್ರಿಗಸ್ ಬರೆದ ಪತ್ರಗಳ ರೂಪದಲ್ಲಿದೆ. ಅಲ್ಲಿ ಅವನ ದನಿ ಉತ್ಸಾಹದ್ದು, ಸ್ವಲ್ಪ ಅಹಂಕಾರದ್ದೂ ಹೌದು. ತನ್ನ ಪಯಣವನ್ನು ಅವನು ಕ್ರಿಸ್ತನ ಪಾಡಿನೊಂದಿಗೆ ಹೆಜ್ಜೆಹೆಜ್ಜೆಗೂ ಹೋಲಿಸಿಕೊಳ್ಳುತ್ತಾನೆ. ಸೆರೆಯಾದ ಬಳಿಕ ‘ನಾನು’ ಎಂಬ ದನಿಯನ್ನೇ ಎಂಡೊ ಅವನಿಂದ ಕಿತ್ತುಕೊಳ್ಳುತ್ತಾರೆ, ಕಥೆ ಪ್ರಥಮ ಪುರುಷಕ್ಕೆ ಹೊರಳುತ್ತದೆ. ಕೊನೆಯ ಪುಟಗಳಲ್ಲಿ ಉಳಿಯುವುದು ಡಚ್ ಗುಮಾಸ್ತನೊಬ್ಬನ ದಿನಚರಿ ಮತ್ತು ಸೆರೆಮನೆ ಅಧಿಕಾರಿಯೊಬ್ಬನ ಒಣ ಟಿಪ್ಪಣಿಗಳು. ಒಬ್ಬ ಮನುಷ್ಯನ ಒಳಗನ್ನು ನಾವು ನೋಡುವ ಕಿಂಡಿ ಹೀಗೆ ಹಂತಹಂತವಾಗಿ ಮುಚ್ಚಿಕೊಳ್ಳುತ್ತದೆ. ಬಿದ್ದವನ ಹೃದಯವನ್ನು ಹೊರಗಿನವರು ಅಳೆಯಲಾರರು ಎಂಬ ಮಾತನ್ನು ಎಂಡೊ ಕಥನದ ಕಟ್ಟಡದಿಂದಲೇ ಹೇಳಿಸುತ್ತಾರೆ. ಇಷ್ಟು ಬಿಗಿಯಾದ ಕಟ್ಟಡ ಧಾರ್ಮಿಕ ಕಾದಂಬರಿಗಳಲ್ಲಿ ಅಪರೂಪ.

ಕೃತಿಯ ಎದೆ ಬಡಿಯುವುದು ಒಂದು ರಾತ್ರಿಯಲ್ಲಿ. ಸೆರೆಕೋಣೆಯಲ್ಲಿ ರೊಡ್ರಿಗಸ್‌ಗೆ ಯಾರದೋ ಗೊರಕೆ ಕೇಳಿಸಿ ಸಿಟ್ಟು ಬರುತ್ತದೆ. ಅದು ಗೊರಕೆಯಲ್ಲ, ಗುಂಡಿಯಲ್ಲಿ ತೂಗುತ್ತಿರುವ ರೈತರ ನರಳಿಕೆ ಎಂದು ಫೆರೇರಾ ಬಂದು ಹೇಳುತ್ತಾರೆ. ಆ ರೈತರು ಎಂದೋ ವಿಶ್ವಾಸ ತ್ಯಜಿಸಿದ್ದಾರೆ. ಆದರೂ ಅವರನ್ನು ಇಳಿಸಿಲ್ಲ. ರೊಡ್ರಿಗಸ್ ಫುಮಿಯೆಯನ್ನು ತುಳಿದರೆ ಮಾತ್ರ ಅವರಿಗೆ ಬಿಡುಗಡೆ. ಹಿಂಸಕ ಇಲ್ಲಿ ರೊಡ್ರಿಗಸ್‌ನ ದೇಹವನ್ನು ಮುಟ್ಟುವುದೇ ಇಲ್ಲ, ಅವನ ಪ್ರೀತಿಯನ್ನು ಹಿಡಿದು ತಿರುಚುತ್ತಾನೆ. ತನ್ನ ನೋವನ್ನು ತಾಳುವ ಧೈರ್ಯಕ್ಕೆ ಸಿದ್ಧನಾಗಿ ಬಂದವನಿಗೆ ಇನ್ನೊಬ್ಬರ ನೋವಿನ ಮುಂದೆ ಏನು ಮಾಡಬೇಕೆಂದು ಯಾವ ಗುರುಮಠವೂ ಕಲಿಸಿರಲಿಲ್ಲ. ಹಿಂಸೆಯ ಬಗ್ಗೆ ಬರೆದವರಲ್ಲಿ ಈ ಕ್ರೌರ್ಯವನ್ನು ಎಂಡೊ ಅವರಷ್ಟು ನಿಖರವಾಗಿ ಕಂಡವರು ಕಡಿಮೆ. ಫಲಕದ ಮೇಲಿನ ಕ್ರಿಸ್ತ ತನ್ನನ್ನು ತುಳಿ ಎಂದು ಹೇಳಿದಂತೆ ರೊಡ್ರಿಗಸ್‌ಗೆ ಕೇಳಿಸುತ್ತದೆ. ಅವನು ತುಳಿಯುತ್ತಾನೆ. ಕೋಳಿ ಕೂಗುತ್ತದೆ. ಪೇತ್ರನ ನೆನಪಾಗದ ಓದುಗ ಇರಲಾರ.

ನನ್ನ ಮೊದಲ ತಕರಾರು ಇಲ್ಲಿಯೇ. ಗುಂಡಿಯಲ್ಲಿರುವವರ ಪ್ರಾಣದ ಹೊಣೆ ರೊಡ್ರಿಗಸ್‌ನದೆಂದು ಅಧಿಕಾರಿ ಇನೊಯೆ ಹೇಳಿಸುತ್ತಾನೆ, ಫೆರೇರಾ ಅದನ್ನೇ ಪ್ರೀತಿಯ ಭಾಷೆಯಲ್ಲಿ ಮರಳಿ ಹೇಳುತ್ತಾರೆ, ರೊಡ್ರಿಗಸ್ ನಂಬುತ್ತಾನೆ. ಹಗ್ಗ ಕಟ್ಟಿದವರು ಯಾರು ಎಂಬ ಪ್ರಶ್ನೆಯನ್ನು ಆ ಗಳಿಗೆಯಲ್ಲಿ ಯಾರೂ ಕೇಳುವುದಿಲ್ಲ, ಕಾದಂಬರಿಯೂ ಕೇಳಗೊಡುವುದಿಲ್ಲ. ಕೊಲೆಯ ಪಾಪವನ್ನು ಕೊಲ್ಲುವವನ ಹೆಗಲಿಂದ ಇಳಿಸಿ, ಕಟ್ಟಿಹಾಕಿದವನ ಹೆಗಲಿಗೆ ಏರಿಸುವುದು ಎಲ್ಲ ಹಿಂಸಕರ ಹಳೆಯ ಲೆಕ್ಕ. ತುಳಿದ ಗುರುವನ್ನು ನಾನು ದೂರುವುದಿಲ್ಲ. ದೂರುವ ಅರ್ಹತೆ ಆ ಗುಂಡಿಯನ್ನು ಕಾಣದ ಯಾರಿಗೂ ಇಲ್ಲ. ಆದರೆ ತುಳಿಯುವುದನ್ನೇ ಪ್ರೀತಿಯ ಅತ್ಯುನ್ನತ ಕ್ರಿಯೆಯೆಂದು ಎತ್ತಿ ಹಿಡಿದಾಗ, ತುಳಿಯದೆ ಸತ್ತವರಲ್ಲಿ ಪ್ರೀತಿ ಕಡಿಮೆಯಿತ್ತೇ ಎಂಬ ಅನ್ಯಾಯದ ನೆರಳು ಬೀಳುತ್ತದೆ. ಪುಸ್ತಕ ಬಂದಾಗ ಜಪಾನಿನ ಹಲವು ಕೆಥೊಲಿಕರು ನೊಂದದ್ದರಲ್ಲಿ ಅರ್ಥವಿದೆ.

ಪೆತ್ರೊ ಕಿಬೆ ಇದಕ್ಕೆ ಉತ್ತರವಾಗಿ ನಿಲ್ಲುತ್ತಾರೆ. ಗುರುವಾಗುವ ಹಂಬಲದಿಂದ ಈ ಜಪಾನೀ ಯುವಕ ಗೋವಾ ಸೇರಿ, ಅಲ್ಲಿಂದ ಪರ್ಷಿಯಾದ ಮೂಲಕ ಜೆರುಸಲೇಮಿಗೂ ರೋಮಿಗೂ ಹೋಗಿ 1620ರಲ್ಲಿ ಗುರುದೀಕ್ಷೆ ಪಡೆದರು. ಸಾವು ಖಚಿತವೆಂದು ತಿಳಿದೂ 1630ರಲ್ಲಿ ತಾಯ್ನಾಡಿಗೆ ಮರಳಿದರು. 1639ರಲ್ಲಿ ಸೆರೆಸಿಕ್ಕಾಗ ಇದೇ ಇನೊಯೆಯ ವಿಚಾರಣೆ, ಇದೇ ಗುಂಡಿ. ಕಿಬೆ ಮಣಿಯಲಿಲ್ಲ. ಜೊತೆಯಲ್ಲಿ ತೂಗುತ್ತಿದ್ದವರಿಗೆ ಧೈರ್ಯ ಹೇಳುತ್ತಲೇ ಇದ್ದರು, ಅದಕ್ಕೇ ಅವರನ್ನು ಹೊರಗೆಳೆದು ಕೊಂದರು. ಈ ಸಂಗತಿ ಉಳಿದಿರುವುದು ಹಿಂಸಕರದೇ ದಾಖಲೆಯಲ್ಲಿ. ಇನ್ನೊಬ್ಬರ ನರಳಿಕೆ ಕಿಬೆಯ ಕಿವಿಗೂ ಬಿದ್ದಿತ್ತು. ಅವರು ಅದಕ್ಕೆ ಓಗೊಟ್ಟ ಬಗೆ ಬೇರೆ. ಎಂಡೊ ಈ ಮನುಷ್ಯನನ್ನು ಮರೆತವರಲ್ಲ, 1979ರಲ್ಲಿ ಕಿಬೆಯ ಜೀವನದ ಮೇಲೆ ಒಂದು ಪುಸ್ತಕವನ್ನೇ ಬರೆದರು. ‘ಮೌನ’ ಓದಿದವರು ಆ ಬದುಕನ್ನೂ ತಿಳಿದರೆ ಲೇಖಕರಿಗೆ ನ್ಯಾಯ ಸಲ್ಲುತ್ತದೆ.

ಎರಡನೆಯ ತಕರಾರು ಜೌಗು ನೆಲದ ಮಾತಿಗೆ ಸಂಬಂಧಿಸಿದ್ದು. ಜಪಾನ್ ಒಂದು ಜೌಗು, ಇಲ್ಲಿ ನೆಟ್ಟ ಕ್ರೈಸ್ತ ಸಸಿಯ ಬೇರು ಕೊಳೆಯುತ್ತದೆ ಎಂದು ಫೆರೇರಾ ವಾದಿಸುತ್ತಾರೆ, ಇನೊಯೆ ಅದಕ್ಕೆ ದನಿಗೂಡಿಸುತ್ತಾನೆ. ಬಾಲ್ಯದಲ್ಲಿ ತಾಯಿಯ ಮೂಲಕ ದೀಕ್ಷಾಸ್ನಾನ ಪಡೆದು, ಆ ಧರ್ಮ ತನ್ನ ಮೈಗೆ ಒಗ್ಗದ ಉಡುಪೆಂದು ಜೀವನವಿಡೀ ತಳಮಳಿಸಿದ ಎಂಡೊ ಅವರದೇ ಸಂಕಟ ಈ ಮಾತಿನಲ್ಲಿದೆ. ಸಂಕಟ ಪ್ರಾಮಾಣಿಕ, ವಾದ ಮಾತ್ರ ಸುಳ್ಳಾಯಿತು. ಗುರುಗಳೆಲ್ಲ ಸತ್ತ ಮೇಲೆ ಸೊತೊಮೆ, ಗೊತೊ, ಇಕಿತ್ಸುಕಿ, ಅಮಾಕುಸಾಗಳ ಬೆಸ್ತರೂ ರೈತರೂ ನಂಬಿಕೆಯನ್ನು ತಾವೇ ಹೊತ್ತರು. ಹಬ್ಬಗಳ ಲೆಕ್ಕ ಇಡುವವರೊಬ್ಬರು, ದೀಕ್ಷಾಸ್ನಾನ ಕೊಡುವವರೊಬ್ಬರು ಎಂದು ಹೊಣೆ ಹಂಚಿಕೊಂಡರು. ಪ್ರಾರ್ಥನೆಗಳು ತಾಯಿಯ ಬಾಯಿಂದ ಮಗುವಿನ ಕಿವಿಗೆ ಇಳಿದವು. 1865ರ ಮಾರ್ಚ್ 17ರಂದು ಉರಾಕಾಮಿ ಹಳ್ಳಿಯ ಕೆಲವರು ನಾಗಸಾಕಿಯಲ್ಲಿ ಹೊಸದಾಗಿ ಕಟ್ಟಿದ್ದ ಓಉರಾ ಚರ್ಚಿಗೆ ಬಂದರು. ತಮ್ಮದೂ ಅದೇ ವಿಶ್ವಾಸವೆಂದು ಫ್ರೆಂಚ್ ಗುರು ಬರ್ನಾರ್ ಪೆತಿಜಾಂಗೆ ಪಿಸುದನಿಯಲ್ಲಿ ತಿಳಿಸಿ, ಮರಿಯಮ್ಮನವರ ಮೂರ್ತಿ ಎಲ್ಲಿದೆಯೆಂದು ಕೇಳಿದರು. ನಿಷೇಧದ ಎರಡೂವರೆ ಶತಮಾನ ಕಳೆದಿತ್ತು, ಬೇರು ಕೊಳೆತಿರಲಿಲ್ಲ. ಬಳಿಕ ಉರಾಕಾಮಿಯ 3,000ಕ್ಕೂ ಹೆಚ್ಚು ಮಂದಿಯನ್ನು ಗಡೀಪಾರು ಮಾಡಿದರು, 600ಕ್ಕೂ ಹೆಚ್ಚು ಜನ ಸತ್ತರು. ನಿಷೇಧದ ಫಲಕಗಳು ಇಳಿದದ್ದು 1873ರಲ್ಲಿ.

ಇದೇ ಜನರ ಹಿರಿಯರು ಹೊಸ ವರ್ಷ ಬಂದಾಗಲೆಲ್ಲ ಸರದಿಯಲ್ಲಿ ನಿಂತು ಫುಮಿಯೆ ತುಳಿದವರು. ಮನೆಗೆ ಮರಳಿ ಪಶ್ಚಾತ್ತಾಪದ ಪ್ರಾರ್ಥನೆ ಹೇಳಿದವರು. ಪಾಪನಿವೇದನೆಗೆ ಗುರು ಸಿಗದಾಗ ನಿಜವಾದ ಪಶ್ಚಾತ್ತಾಪ ಸಾಕೆಂದು ಹೇಳುವ, 1603ರಲ್ಲಿ ಸಿದ್ಧವಾದ ಕಿರುಹೊತ್ತಿಗೆಯೊಂದನ್ನು ಅವರು ತಲೆಮಾರುಗಳ ಕಾಲ ಕಾಪಾಡಿದರು. ಅವರು ತುಳಿದದ್ದನ್ನು ತಪ್ಪಲ್ಲ ಎನ್ನಲಿಲ್ಲ, ತುಳಿದ ಮಾತ್ರಕ್ಕೆ ಎಲ್ಲ ಮುಗಿಯಿತು ಎಂದೂ ಒಪ್ಪಲಿಲ್ಲ. ಧರ್ಮಸಭೆ ಇದನ್ನು ಮೊದಲೇ ಒಮ್ಮೆ ಕಲಿತಿತ್ತು. ಕ್ರಿ.ಶ. 250ರಲ್ಲಿ ರೋಮ್ ಚಕ್ರವರ್ತಿ ಡೇಸಿಯಸ್‌ನ ಆಜ್ಞೆಗೆ ಅಂಜಿ ಬಲಿಯರ್ಪಿಸಿದವರನ್ನು ಮತ್ತೆ ಸೇರಿಸಬೇಕೇ ಎಂದು ಜಗಳವಾದಾಗ, ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಬಿದ್ದವರಿಗೆ ಪಶ್ಚಾತ್ತಾಪದ ದಾರಿ ತೆರೆದಿಟ್ಟರು. ಆ ಹಿಂಸೆಯಲ್ಲಿ ಸಿಪ್ರಿಯನ್ ಕೂಡ ತಲೆಮರೆಸಿಕೊಂಡಿದ್ದರು. 258ರಲ್ಲಿ ಮತ್ತೆ ಕರೆ ಬಂದಾಗ ಕತ್ತಿಗೆ ಕೊರಳು ಕೊಟ್ಟರು.

ಈ ಬೆಳಕಿನಲ್ಲಿ ನೋಡಿದರೆ ‘ಮೌನ’ದ ನಿಜವಾದ ಸಾಧನೆ ರೊಡ್ರಿಗಸ್ ಅಲ್ಲ, ಕಿಚಿಜಿರೊ. ಒಡಹುಟ್ಟಿದವರು ಬೆಂಕಿಯಲ್ಲಿ ಸತ್ತಾಗ ತಾನು ತುಳಿದು ಬದುಕಿದವನು, ಬೆಳ್ಳಿಗಾಗಿ ಗುರುವನ್ನು ಹಿಡಿದುಕೊಟ್ಟವನು, ಹಿಡಿದುಕೊಟ್ಟ ಮೇಲೂ ಕ್ಷಮೆ ಬೇಡುತ್ತ ಹಿಂದೆಯೇ ಅಲೆದವನು. ತಾನು ಬಲಹೀನನಾಗಿ ಹುಟ್ಟಿದ್ದೇ ತಪ್ಪೇ ಎಂದು ಅವನು ಕೇಳುತ್ತಾನೆ. ಯೂದನ ಅಚ್ಚಿನಲ್ಲಿ ಹೊಯ್ದ ಪಾತ್ರ ಮೆಲ್ಲಗೆ ಪೇತ್ರನ ಕಡೆಗೆ ಸರಿಯುತ್ತದೆ. ಕೊನೆಯಲ್ಲಿ ಬರುವ ಅಧಿಕಾರಿಯ ಟಿಪ್ಪಣಿಗಳನ್ನು ಹಲವರು ಬಿಟ್ಟು ಓದುತ್ತಾರೆ, ಆದರೆ ಸಂಗತಿ ಇರುವುದೇ ಅಲ್ಲಿ: ವರ್ಷಗಳ ನಂತರ ಕಿಚಿಜಿರೊನ ತಾಯಿತದ ಚೀಲದಲ್ಲಿ ಸಂತರ ಚಿತ್ರ ಸಿಕ್ಕಿಬೀಳುತ್ತದೆ. ಹೇಡಿಯೆಂದು ಎಲ್ಲರೂ ಉಗುಳಿದವನು ಜೀವಕ್ಕೆ ಕುತ್ತಾಗುವ ವಸ್ತುವನ್ನು ಮೈಮೇಲೆ ಹೊತ್ತು ತಿರುಗುತ್ತಿದ್ದ. 2016ರ ಸಿನಿಮಾದಲ್ಲಿ ಮಾರ್ಟಿನ್ ಸ್ಕಾರ್ಸೆಸಿ ಸತ್ತ ರೊಡ್ರಿಗಸ್‌ನ ಅಂಗೈಯಲ್ಲಿ ಪುಟ್ಟ ಶಿಲುಬೆಯೊಂದನ್ನು ತೋರಿಸುತ್ತಾರೆ. ಕಾದಂಬರಿಯಲ್ಲಿ ಅದಿಲ್ಲ. ಸಿನಿಮಾ ಪ್ರೇಕ್ಷಕರಿಗೆ ಉತ್ತರ ಕೊಟ್ಟು ಸಮಾಧಾನಪಡಿಸುತ್ತದೆ. ಎಂಡೊ ಉತ್ತರವನ್ನು ಗುರುವಿನ ಕೈಯಲ್ಲಿಡದೆ ಬಡವನೊಬ್ಬನ ಚೀಲದಲ್ಲಿಟ್ಟರು. ಅವರದೇ ಹೆಚ್ಚು ನಿಜ, ಹೆಚ್ಚು ಧೈರ್ಯದ್ದು.

ಸಮುದ್ರದಲ್ಲಿ ಕಂಬಕ್ಕೆ ಕಟ್ಟಿಸಿಕೊಂಡು ಅಲೆಗಳ ನಡುವೆ ಹಾಡುತ್ತ ಸತ್ತ ಮೊಕಿಚಿಯನ್ನೂ ಇಚಿಜೊನನ್ನೂ ಎಂಡೊ ಗೌರವದಿಂದಲೇ ಚಿತ್ರಿಸಿದ್ದಾರೆ. ಅವರೂ ಮೊದಲು ಫಲಕ ತುಳಿದವರೇ. ಉಗುಳಿ ಎಂದಾಗ, ಮರಿಯಮ್ಮನವರನ್ನು ಬೈಯಿರಿ ಎಂದಾಗ ಮಾತ್ರ ಆಗದೆ ಹೋಯಿತು. ಬಿದ್ದ ಗಳಿಗೆಗೂ ನಿಂತ ಗಳಿಗೆಗೂ ನಡುವೆ ಅವರಲ್ಲಿ ಗೋಡೆಯಿರಲಿಲ್ಲ.

ಹಿಂಸೆಯ ಭಯ ಇಂದೂ ಹಲವು ಕಡೆ ಕ್ರೈಸ್ತರ ಮನೆಬಾಗಿಲಲ್ಲಿದೆ. ಅಂಥ ಸಭೆಗಳಿಗೆ ಕಿಬೆಯ ಕಥೆ ಬೇಕು, ಇಲ್ಲದಿದ್ದರೆ ನಿಲ್ಲುವುದು ಸಾಧ್ಯವೆಂಬುದೇ ಮರೆತುಹೋಗುತ್ತದೆ. ಕಿಚಿಜಿರೊನ ಕಥೆಯೂ ಬೇಕು, ಇಲ್ಲದಿದ್ದರೆ ಒಮ್ಮೆ ಬಿದ್ದವನು ಮರಳುವ ದಾರಿಯನ್ನು ನಾವೇ ಮುಚ್ಚಿ ಹಿಂಸಕನ ಕೆಲಸ ಪೂರ್ತಿ ಮಾಡಿಕೊಡುತ್ತೇವೆ. ‘ಮೌನ’ವನ್ನು ಧರ್ಮತ್ಯಾಗದ ಸಮರ್ಥನೆಯೆಂದು ದೂರವಿಡುವುದೂ ತಪ್ಪು, ಹಿಂಸೆಯ ಕೊನೆಯ ಮಾತೆಂದು ತಲೆಯ ಮೇಲಿಟ್ಟುಕೊಳ್ಳುವುದೂ ತಪ್ಪು. ಅದು ಕೇಳಿದ ಪ್ರಶ್ನೆಗೆ ಉರಾಕಾಮಿಯ ಬಡವರು ಬದುಕಿನಲ್ಲಿ ಉತ್ತರ ಕೊಟ್ಟಿದ್ದರು. ಎರಡನ್ನೂ ಜೊತೆಗಿಟ್ಟು ಓದುವ ಸಭೆ ತನ್ನ ಬಲಿಷ್ಠರಿಗೆ ನಮ್ರತೆಯನ್ನೂ ಬಲಹೀನರಿಗೆ ಧೈರ್ಯವನ್ನೂ ಕಲಿಸಬಲ್ಲದು.