ಬಳಗವೇ ಜಾಹೀರಾತಾದಾಗ

ಸಾಬೂನು ತಯಾರಿಸುವ ಕಂಪನಿಗೆ ಗಿರಾಕಿಗಳನ್ನು ಹುಡುಕುವ ಕಷ್ಟವಿಲ್ಲ. ಸಾಬೂನು ಎಲ್ಲ ಮನೆಗಳಿಗೂ ಬೇಕು. ದಿನಪತ್ರಿಕೆಯಲ್ಲೋ ದೂರದರ್ಶನದಲ್ಲೋ ಜಾಹೀರಾತು ಕೊಟ್ಟರೆ ಅದು ಮುಟ್ಟಬೇಕಾದವರನ್ನು ಮುಟ್ಟುತ್ತದೆ. ಆದರೆ ತ್ರಿಭುಜದ ಶೃಂಗವನ್ನು ಎಳೆದಾಡಿ, ಮೂರು ಮಧ್ಯರೇಖೆಗಳು ಸದಾ ಒಂದೇ ಬಿಂದುವಿನಲ್ಲಿ ಸೇರುವುದನ್ನು ತೋರಿಸುವ ತಂತ್ರಾಂಶವನ್ನು ನೀವು ಬರೆದಿದ್ದೀರಿ ಎಂದುಕೊಳ್ಳಿ. ಅದು ಬೇಕಾಗುವುದು ಗಣಿತ ಕಲಿಸುವವರಿಗೆ, ಕಲಿಯುವವರಿಗೆ ಮಾತ್ರ. ಅದಕ್ಕಾಗಿ ಲಕ್ಷ ಜನ ಓದುವ ಪತ್ರಿಕೆಯಲ್ಲಿ ಜಾಹೀರಾತು ಕೊಡುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಇಂಥ ಸೀಮಿತ ಬಳಕೆಯ ತಂತ್ರಾಂಶಗಳು ಇಂದು ಹರಡುವುದು ಬೇರೆ ದಾರಿಯಲ್ಲಿ. ಒಂದೇ ವಿಷಯದಲ್ಲಿ ಆಸಕ್ತಿ ಇರುವವರು ಅಂತರಜಾಲದಲ್ಲಿ ಬಳಗ ಕಟ್ಟಿಕೊಂಡಿರುತ್ತಾರೆ. ಅಲ್ಲಿ ಒಬ್ಬರು ಪ್ರಶ್ನೆ ಕೇಳುತ್ತಾರೆ, ಇನ್ನೊಬ್ಬರು ‘ಈ ತಂತ್ರಾಂಶ ಬಳಸಿ ನೋಡಿ’ ಎನ್ನುತ್ತಾರೆ, ಮೂರನೆಯವರು ತಾವು ಮಾಡಿದ ಪಾಠವನ್ನು ಹಂಚುತ್ತಾರೆ. ತಯಾರಕರಿಗೆ ಖರ್ಚು ಕಡಿಮೆ, ಫಲ ಹೆಚ್ಚು. ಶಿಕ್ಷಕರ ಮತ್ತು ವಿದ್ಯಾರ್ಥಿಗಳ ದೃಷ್ಟಿಯಿಂದ ಈ ಮಾರುಕಟ್ಟೆ ತಂತ್ರ ಎಷ್ಟು ಸರಿ? ಅದನ್ನು ಇಲ್ಲಿ ಪರಿಶೀಲಿಸೋಣ.

ಒಂದು ಸಮೀಕರಣ

ಹೊಸ ವಸ್ತುವೊಂದು ಸಮಾಜದಲ್ಲಿ ಹೇಗೆ ಹರಡುತ್ತದೆ ಎಂಬುದಕ್ಕೆ ಅಮೆರಿಕದ ಫ್ರಾಂಕ್ ಬ್ಯಾಸ್ 1969ರಲ್ಲಿ ಸರಳವಾದ ಸಮೀಕರಣವೊಂದನ್ನು ಕೊಟ್ಟರು. ಅದನ್ನು ಕನ್ನಡದ ಸಂಕೇತಗಳಲ್ಲಿ ಹೀಗೆ ಬರೆಯಬಹುದು:

ದರ = (ಜಾ + ಅ × ಭ) × (1 − ಭ)

ಇಲ್ಲಿ ‘ಭ’ ಎಂಬುದು ವಸ್ತುವನ್ನು ಈಗಾಗಲೇ ಒಪ್ಪಿಕೊಂಡವರ ಭಾಗಾಂಶ. ‘ಜಾ’ ಎಂಬುದು ಜಾಹೀರಾತು ಮೊದಲಾದ ಹೊರಗಿನ ಪ್ರಭಾವದ ಗುಣಾಂಕ. ‘ಅ’ ಅನುಕರಣೆಯ ಗುಣಾಂಕ, ಅಂದರೆ ಇತರರನ್ನು ನೋಡಿ, ಕೇಳಿ ಒಪ್ಪಿಕೊಳ್ಳುವ ಪ್ರವೃತ್ತಿಯ ಅಳತೆ. ಆವರಣದ ಹೊರಗಿನ (1 − ಭ) ಇನ್ನೂ ಉಳಿದವರನ್ನು ಸೂಚಿಸುತ್ತದೆ.

ಹಲವು ಬಗೆಯ ವಸ್ತುಗಳ ಬಗ್ಗೆ ಪ್ರಕಟವಾದ ಅಧ್ಯಯನಗಳನ್ನು 1990ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ‘ಜಾ’ದ ಸರಾಸರಿ ಬೆಲೆ ವರ್ಷಕ್ಕೆ 0.03, ‘ಅ’ದ ಬೆಲೆ 0.38 ಎಂದು ಕಂಡುಬಂತು. ಈ ಬೆಲೆಗಳನ್ನು ಸಮೀಕರಣದಲ್ಲಿ ಹಾಕಿ. ‘ಭ’ 0.08 ಆದಾಗ 0.38 × 0.08 = 0.0304. ಎಂದರೆ ನೂರರಲ್ಲಿ ಎಂಟು ಜನ ಒಪ್ಪಿಕೊಳ್ಳುವಷ್ಟರಲ್ಲಿ ಬಾಯಿಮಾತಿನ ಬಲ ಜಾಹೀರಾತಿನ ಬಲಕ್ಕೆ ಸಮನಾಗಿರುತ್ತದೆ. ಇಪ್ಪತ್ತು ಜನ ಒಪ್ಪಿಕೊಂಡಾಗ ಅದರ ಎರಡೂವರೆ ಪಟ್ಟು ಆಗಿರುತ್ತದೆ.

ಸಾಬೂನಿನ ಮಾರುಕಟ್ಟೆಯಲ್ಲಿ ನೂರಕ್ಕೆ ಎಂಟು ಎಂದರೆ ಕೋಟಿಗಟ್ಟಲೆ ಜನ. ಐದು ಸಾವಿರ ಶಿಕ್ಷಕರಷ್ಟೇ ಬಳಸಬಹುದಾದ ತಂತ್ರಾಂಶಕ್ಕೆ ನೂರಕ್ಕೆ ಎಂಟು ಎಂದರೆ ಕೇವಲ 400 ಜನ. ಅವರು ಈಗಾಗಲೇ ಒಂದು ಬಳಗದಲ್ಲಿ ಸೇರಿದ್ದರೆ ತಯಾರಕರ ಕೆಲಸ ಮುಗಿದಂತೆಯೇ. ಸೀಮಿತ ಬಳಕೆಯ ತಂತ್ರಾಂಶಗಳಿಗೆ ಈ ದಾರಿ ಅಷ್ಟು ಚೆನ್ನಾಗಿ ಹೊಂದುವುದು ಇದರಿಂದಲೇ.

ಈಗ ಅದೇ ಸಮೀಕರಣವನ್ನು ಇನ್ನೊಮ್ಮೆ ನೋಡಿ. ವಸ್ತು ಒಳ್ಳೆಯದೇ, ಪಾಠಕ್ಕೆ ಹೊಂದುತ್ತದೆಯೇ ಎಂಬುದಕ್ಕೆ ಅದರಲ್ಲಿ ಪ್ರತ್ಯೇಕ ಪದವಿಲ್ಲ. ಒಮ್ಮೆ ಒಪ್ಪಿಕೊಂಡು ಆಮೇಲೆ ಬಿಟ್ಟವರಿಗೂ ಪದವಿಲ್ಲ. ಬಳಗಗಳಲ್ಲಿ ನಡೆಯುವುದೂ ಹೀಗೆಯೇ. ಮೆಚ್ಚಿದವರು ಬರೆಯುತ್ತಾರೆ, ಬೇಸತ್ತವರು ಸದ್ದಿಲ್ಲದೆ ಹೊರಟುಹೋಗುತ್ತಾರೆ. ಅಲ್ಲಿ ಕಾಣುವ ಹೊಗಳಿಕೆ ಉಳಿದವರ ಹೊಗಳಿಕೆ ಮಾತ್ರ. ಅದನ್ನು ಎಲ್ಲ ಬಳಕೆದಾರರ ಅಭಿಪ್ರಾಯವೆಂದು ಓದುವುದು, ಪ್ರಯೋಗದಲ್ಲಿ ಒಪ್ಪಿಗೆಯಾಗದ ಅಳತೆಗಳನ್ನೆಲ್ಲ ಹೊಡೆದುಹಾಕಿ ಸರಾಸರಿ ತೆಗೆದಂತೆ.

ಜಿಯೋಜೀಬ್ರಾದ ಕಥೆ

ನಮ್ಮ ಶಿಕ್ಷಕರಲ್ಲಿ ಅನೇಕರು ಬಲ್ಲ ಜಿಯೋಜೀಬ್ರಾ ಇದಕ್ಕೆ ಒಳ್ಳೆಯ ಉದಾಹರಣೆ. ಆಸ್ಟ್ರಿಯದ ಮಾರ್ಕುಸ್ ಹೋಹನ್‌ವಾರ್ಟರ್ 2001ರಲ್ಲಿ ಸಾಲ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪ್ರಬಂಧದ ಅಂಗವಾಗಿ ಇದನ್ನು ಆರಂಭಿಸಿದರು. ರೇಖಾಗಣಿತದ ಚಿತ್ರ ಮತ್ತು ಬೀಜಗಣಿತದ ಸಮೀಕರಣ ಒಂದೇ ಪರದೆಯಲ್ಲಿದ್ದು, ಒಂದನ್ನು ಬದಲಿಸಿದರೆ ಇನ್ನೊಂದೂ ಬದಲಾಗುವುದು ಅದರ ವಿಶೇಷ. 2002ರಲ್ಲಿ ಅದಕ್ಕೆ ಯೂರೋಪಿನ ಶೈಕ್ಷಣಿಕ ತಂತ್ರಾಂಶ ಪ್ರಶಸ್ತಿ ಬಂತು.

ಆಮೇಲೆ ಅದನ್ನು ಬೆಳೆಸಿದ್ದು ಶಿಕ್ಷಕರ ಬಳಗ. ಸ್ವಯಂಸೇವಕರು ಅದರ ಆದೇಶಗಳನ್ನು ಹತ್ತಾರು ಭಾಷೆಗಳಿಗೆ ಅನುವಾದಿಸಿದರು. ಊರೂರಿನ ಶಿಕ್ಷಕರು ಪಾಠಗಳನ್ನು ತಯಾರಿಸಿ ಅಂತರಜಾಲಕ್ಕೆ ಏರಿಸಿದರು. ಹೊಸಬರ ತೊಡಕುಗಳಿಗೆ ಹಳಬರು ಉತ್ತರಿಸಿದರು. ಕರ್ನಾಟಕದಲ್ಲಿ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯೊಡನೆ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ಮೂಲಕ 2010ರ ದಶಕದಲ್ಲಿ ಅನೇಕ ಪ್ರೌಢಶಾಲಾ ಶಿಕ್ಷಕರು ಇದನ್ನು ಕಲಿತರು. ಮುಂಬಯಿಯ ಐಐಟಿ ಆರಂಭಿಸಿದ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಇದರ ಪಾಠಗಳು ಕನ್ನಡದಲ್ಲೂ ಸಿಗುತ್ತವೆ. ಇವರಲ್ಲಿ ಯಾರೂ ಮಾರಾಟಗಾರರಲ್ಲ. ತಮಗೆ ಉಪಯೋಗವಾದದ್ದನ್ನು ಇತರರಿಗೆ ಹೇಳಿದರು, ಅಷ್ಟೆ. ಈ ಹರಡುವಿಕೆಯಲ್ಲಿ ಮೋಸವಿರಲಿಲ್ಲ.

2021ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೈಜೂಸ್ ಕಂಪನಿ ಜಿಯೋಜೀಬ್ರಾವನ್ನು ಕೊಂಡುಕೊಂಡಿತು. ಬೆಲೆ ಸುಮಾರು 10 ಕೋಟಿ ಡಾಲರ್ ಎಂದು ಪತ್ರಿಕೆಗಳು ವರದಿ ಮಾಡಿದವು. ಅದನ್ನು ಬಳಸುವ ವಿದ್ಯಾರ್ಥಿಗಳ ಸಂಖ್ಯೆ 10 ಕೋಟಿಗೂ ಹೆಚ್ಚು ಎಂದು ಆಗ ಹೇಳಲಾಗಿತ್ತು. ಭಾಗಿಸಿ ನೋಡಿದರೆ ತಲೆಗೆ ಸುಮಾರು ಒಂದು ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 75 ರೂಪಾಯಿ. ತಂತ್ರಾಂಶ ಸ್ಥಾಪಕರ ಮುಂದಾಳತ್ವದಲ್ಲೇ ಪ್ರತ್ಯೇಕ ಘಟಕವಾಗಿ ಮುಂದುವರಿಯುತ್ತದೆ ಎಂಬ ಭರವಸೆ ಸಿಕ್ಕಿತು. ಆದರೆ 2024ರ ಜುಲೈಯಲ್ಲಿ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ ಬೈಜೂಸ್‌ನ ಮಾತೃಸಂಸ್ಥೆಯ ಮೇಲೆ ದಿವಾಳಿ ಪ್ರಕ್ರಿಯೆಗೆ ಒಪ್ಪಿಗೆ ನೀಡಿತು.

ಜಿಯೋಜೀಬ್ರಾ ಇದರಿಂದ ನಿಂತುಹೋಗಲಿಲ್ಲ. ಮಾರಾಟ ಕಾನೂನಿಗೆ ವಿರುದ್ಧವೂ ಅಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ತಲೆಗೆ ಒಂದು ಡಾಲರ್ ಕೊಟ್ಟು ಕೊಂಡದ್ದು ಏನನ್ನು? ಗಣಕದ ಆದೇಶಗಳನ್ನು ಮಾತ್ರವಲ್ಲ. ಇಪ್ಪತ್ತು ವರ್ಷ ಶಿಕ್ಷಕರು ಪುಕ್ಕಟೆಯಾಗಿ ದುಡಿದು ಗಳಿಸಿಕೊಟ್ಟ ನಂಬಿಕೆಯೂ ಆ ಬೆಲೆಯಲ್ಲಿ ಸೇರಿತ್ತು. ಆ ವಹಿವಾಟಿನಲ್ಲಿ ಬಳಗದ ಮಾತಿಗೆ ಜಾಗವಿರಲಿಲ್ಲ. ಬಳಗದ ಮೂಲಕ ಮಾರುವ ತಂತ್ರದ ದೊಡ್ಡ ದೋಷ ಇದು. ಮಾತು ಬಳಗದ್ದು, ಒಡೆತನ ಬೇರೆಯವರದು.

ಒಡೆತನ ಯಾರ ಕೈಗೂ ಹೋಗದಂತೆ ಬೆಳೆದ ಬಳಗಗಳೂ ಇವೆ. ಗಣಿತ, ಭೌತವಿಜ್ಞಾನದ ಪ್ರಬಂಧಗಳನ್ನು ಅಚ್ಚುಕಟ್ಟಾಗಿ ಜೋಡಿಸುವ ‘ಟೆಕ್’ ತಂತ್ರಾಂಶವನ್ನು ಡೊನಾಲ್ಡ್ ಕ್ನೂತ್ 1978ರಲ್ಲಿ ಹೊರತಂದರು. ಅದರ ಬಳಕೆದಾರರ ಸಂಘ 1980ರಲ್ಲಿ, ಭಾರತದ ಸಂಘ 1998ರಲ್ಲಿ ತಿರುವನಂತಪುರದಲ್ಲಿ ಆರಂಭವಾದವು. ಅದೂ ಬಾಯಿಮಾತಿನಿಂದಲೇ ಹರಡಿತು. ಆದರೆ ಯಾರು ಬೇಕಾದರೂ ಬಳಸುವ, ಹಂಚುವ ಸ್ವಾತಂತ್ರ್ಯವನ್ನು ಕ್ನೂತ್ ಕೊಟ್ಟಿದ್ದರು. ಬದಲಾಯಿಸಿದರೆ ಹೆಸರು ಬೇರೆ ಇಡಬೇಕು ಎಂಬುದು ಅವರ ಮುಖ್ಯ ಷರತ್ತು. ಕೊಳ್ಳುವವನು ಬಂದರೂ ಅಲ್ಲಿ ಕೊಳ್ಳಲು ಏನೂ ಇರಲಿಲ್ಲ.

ಚೆಂದ ಮತ್ತು ಸತ್ಯ

ಎರಡನೆಯ ದೋಷ ತರಗತಿಗೆ ಸಂಬಂಧಿಸಿದ್ದು. ಬಳಗದಲ್ಲಿ ಬೇಗ ಹರಡುವುದು ನೋಡಲು ಚೆಂದವಾದ ಪಾಠ. ಅದು ಸರಿಯಾದ ಪಾಠವೇ ಆಗಿರಬೇಕೆಂದಿಲ್ಲ.

ಸರಳ ಲೋಲಕದ ಅಣಕು ಪ್ರಯೋಗವೊಂದನ್ನು ಯಾರೋ ಹಂಚಿದ್ದಾರೆ ಎಂದುಕೊಳ್ಳಿ. ಗುಂಡು ಸೊಗಸಾಗಿ ತೂಗುತ್ತದೆ, ಉದ್ದ ಬದಲಿಸಿದರೆ ಆವರ್ತ ಕಾಲ ಬದಲಾಗುತ್ತದೆ. ಅದನ್ನು ಮಾಡಿದವರು ಲೋಲಕದ ಚಲನೆಗೆ ಸರಳ ಸಂಗತ ಚಲನೆಯ ಸೂತ್ರವನ್ನೇ ಬರೆದಿರುವುದು ಸಾಮಾನ್ಯ. ಆಗ ಲೋಲಕವನ್ನು 5 ಡಿಗ್ರಿ ಎಳೆದು ಬಿಟ್ಟರೂ 60 ಡಿಗ್ರಿ ಎಳೆದು ಬಿಟ್ಟರೂ ಆವರ್ತ ಕಾಲ ಒಂದೇ. ನಿಜವಾದ ಲೋಲಕ ಹಾಗಲ್ಲ. ಕೋನವಿಸ್ತಾರ 60 ಡಿಗ್ರಿ ಇದ್ದಾಗ ಆವರ್ತ ಕಾಲ ಶೇಕಡಾ 7.3ರಷ್ಟು ಹೆಚ್ಚು. ಒಂದು ಮೀಟರ್ ಉದ್ದದ ಲೋಲಕಕ್ಕೆ ಹತ್ತು ತೂಗಾಟಗಳ ಕಾಲ ಸುಮಾರು 20.1 ಸೆಕೆಂಡಿನ ಬದಲು 21.5 ಸೆಕೆಂಡ್ ಆಗಬೇಕು. ಗಾಳಿಯ ತಡೆಯಿಂದ ಕೋನ ಕ್ರಮೇಣ ಕುಗ್ಗುವುದರಿಂದ ನಿಮಗೆ ಸಿಗುವ ವ್ಯತ್ಯಾಸ ಸ್ವಲ್ಪ ಕಡಿಮೆಯಿದ್ದೀತು. ಆದರೂ ದಾರ, ಗುಂಡು, ಸ್ಟಾಪ್‌ವಾಚ್ ಇದ್ದರೆ ವಿದ್ಯಾರ್ಥಿ ಅದನ್ನು ತಾನೇ ಕಂಡುಹಿಡಿಯಬಲ್ಲ. ಪರದೆಯ ಮೇಲಿನ ಲೋಲಕದಿಂದ ಎಂದಿಗೂ ಕಂಡುಹಿಡಿಯಲಾರ, ಏಕೆಂದರೆ ಅದರಲ್ಲಿ ಬರೆದವರ ಊಹೆಯಷ್ಟೇ ಇದೆ.

ಇದು ತಂತ್ರಾಂಶದ ತಪ್ಪಲ್ಲ. ಸರಿಯಾದ ಅವಕಲ ಸಮೀಕರಣವನ್ನು ಕೊಟ್ಟರೆ ಜಿಯೋಜೀಬ್ರಾ ಅದನ್ನೂ ಬಿಡಿಸುತ್ತದೆ. ತಪ್ಪು, ಮೆಚ್ಚುಗೆಯ ಸಂಖ್ಯೆಯನ್ನೇ ಪರೀಕ್ಷೆ ಎಂದು ತಿಳಿಯುವುದರಲ್ಲಿದೆ. ಸಾವಿರ ಶಿಕ್ಷಕರು ಇಳಿಸಿಕೊಂಡ ಪಾಠವನ್ನು ಒಬ್ಬರೂ ದಾರ, ಗುಂಡು ಹಿಡಿದು ಪರೀಕ್ಷಿಸದೆ ಇರಬಹುದು.

ಮುಖವಾಡದ ಮಾತು

ಮೂರನೆಯದು ನೇರವಾದ ವಂಚನೆ. ಬಳಗದ ಮಾತಿಗೆ ಬೆಲೆ ಇದೆ ಎಂದು ತಿಳಿದ ಕಂಪನಿಗಳು ತಮ್ಮ ಜನರನ್ನು ಸಾಮಾನ್ಯ ಬಳಕೆದಾರರ ವೇಷದಲ್ಲಿ ಕಳಿಸುವುದುಂಟು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲಿ ತನ್ನ ಮಾರ್ಗಸೂಚಿಗಳನ್ನು ಪರಿಷ್ಕರಿಸಿ, ಹಣ ಅಥವಾ ಉಡುಗೊರೆ ಪಡೆದು ಹೊಗಳುವವರು ಆ ಸಂಬಂಧವನ್ನು ಬಹಿರಂಗಪಡಿಸಬೇಕು ಎಂದಿತು. ನಮ್ಮ ಭಾರತೀಯ ಮಾನಕ ಬ್ಯೂರೋ ಅಂತರಜಾಲದ ಗ್ರಾಹಕ ವಿಮರ್ಶೆಗಳಿಗಾಗಿ 2022ರಲ್ಲಿ ಐಎಸ್ 19000 ಎಂಬ ಮಾನಕವನ್ನು ಹೊರಡಿಸಿತು. ಪಾಲಿಸುವುದು ಐಚ್ಛಿಕ ಎಂಬ ನೆಲೆಯಲ್ಲಿ ಅದು ಆರಂಭವಾಯಿತು. ಆದರೆ ಶಿಕ್ಷಕರ ಸಣ್ಣ ಗುಂಪುಗಳಲ್ಲಿ ನಡೆಯುವ ಮಾತುಕತೆಯನ್ನು ಯಾವ ಮಾನಕವೂ ಕಾಯಲಾರದು. ಉಚಿತ ತರಬೇತಿ, ಪ್ರಮಾಣಪತ್ರ, ‘ರಾಯಭಾರಿ’ ಎಂಬ ಪದವಿ, ಇವು ಶಿಕ್ಷಕರಿಗೆ ಬರುವ ಉಡುಗೊರೆಗಳು. ಪಡೆಯುವುದು ತಪ್ಪಲ್ಲ. ಪಡೆದುದನ್ನು ಮುಚ್ಚಿಟ್ಟು ಶಿಫಾರಸು ಮಾಡುವುದು ತಪ್ಪು.

ಶಿಫಾರಸಿಗೆ ಮುನ್ನ

ಹಾಗೆಂದು ಬಳಗಗಳಿಂದ ದೂರ ಉಳಿಯಬೇಕಿಲ್ಲ. ಕುಗ್ರಾಮದ ಶಾಲೆಯಲ್ಲಿರುವ ಏಕೈಕ ವಿಜ್ಞಾನ ಶಿಕ್ಷಕಿಗೆ ಅದು ಸಹೋದ್ಯೋಗಿಗಳ ಕೋಣೆ ಇದ್ದಂತೆ. ತಂತ್ರಾಂಶ ತಯಾರಕರಿಗೂ ತರಗತಿಯ ನಿಜವಾದ ತೊಡಕು ತಿಳಿಯುವುದು ಅಲ್ಲಿಯೇ. ಆದರೆ ಸಮೀಕರಣದಲ್ಲಿನ ‘ಅ’ ನಮ್ಮ ನಿಮ್ಮ ಮಾತುಗಳಿಂದಲೇ ಆದದ್ದು. ಗುಣಮಟ್ಟದ ಪದ ಅದರಲ್ಲಿ ಇಲ್ಲವಾದ್ದರಿಂದ ಅದನ್ನು ಸೇರಿಸುವ ಹೊಣೆ ಮಾತನಾಡುವವರದು. ಯಾವುದೇ ತಂತ್ರಾಂಶವನ್ನು ಇತರರಿಗೆ ಹೇಳುವ ಮೊದಲು ಈ ನಾಲ್ಕನ್ನು ನೋಡಿ.

ಒಂದು, ಪರವಾನಗಿ. ‘ಉಚಿತ’ ಮತ್ತು ‘ಮುಕ್ತ’ ಒಂದೇ ಅಲ್ಲ. ಜಿಯೋಜೀಬ್ರಾದ ಮೂಲ ಆದೇಶಗಳು ಮುಕ್ತವಾಗಿದ್ದರೂ ವಾಣಿಜ್ಯ ಬಳಕೆಗೆ ಬೇರೆ ಒಪ್ಪಂದ ಬೇಕೆಂಬ ಷರತ್ತಿದೆ.

ಎರಡು, ಕಡತ. ನೀವು ಮಾಡಿದ ಪಾಠ ಆ ತಂತ್ರಾಂಶ ಇಲ್ಲದಿದ್ದರೂ ಓದಲು ಬರುತ್ತದೆಯೇ? ಜಿಯೋಜೀಬ್ರಾ ಇಲ್ಲಿ ಪಾಸಾಗುತ್ತದೆ. ಅದರ ಕಡತದ ಪ್ರತಿಯೊಂದನ್ನು ತೆಗೆದುಕೊಂಡು, ಹೆಸರಿನ ಕೊನೆಯ ಭಾಗವನ್ನು ‘ಜಿಪ್’ ಎಂದು ಬದಲಿಸಿ ತೆರೆಯಿರಿ. ಒಳಗೆ ಬಿಂದು, ರೇಖೆಗಳ ವಿವರ ಓದಬಲ್ಲ ಎಕ್ಸ್‌ಎಂಎಲ್ ಪಠ್ಯವಾಗಿ ಕಾಣುತ್ತದೆ. ವಿದ್ಯಾರ್ಥಿಗಳಿಂದಲೂ ಇದನ್ನು ಮಾಡಿಸಬಹುದು.

ಮೂರು, ಪರೀಕ್ಷೆ. ಪರದೆಯ ಮೇಲಿನ ಫಲಿತಾಂಶವನ್ನು ಒಮ್ಮೆಯಾದರೂ ಕೈಯಿಂದ ಅಳೆದು ಅಥವಾ ಲೆಕ್ಕಮಾಡಿ ತಾಳೆ ನೋಡಿ. ಯಾವ ಮಿತಿಯಲ್ಲಿ ಅದು ತಪ್ಪುತ್ತದೆ ಎಂಬುದನ್ನು ಪಾಠದ ಜೊತೆಗೇ ಬರೆಯಿರಿ.

ನಾಲ್ಕು, ಸಂಬಂಧ. ತಯಾರಕರಿಂದ ನಿಮಗೆ ಏನಾದರೂ ಬಂದಿದ್ದರೆ ಮೊದಲ ಸಾಲಿನಲ್ಲೇ ಹೇಳಿ. ಬಳಸಿ ಕೈಬಿಟ್ಟಿದ್ದರೆ ಅದನ್ನೂ ಕಾರಣ ಸಹಿತ ಬರೆಯಿರಿ. ಬಳಗಗಳಲ್ಲಿ ಅತಿ ವಿರಳವಾಗಿ ಸಿಗುವ ದತ್ತಾಂಶ ಅದೇ.