ಹಕ್ಕಿಯ ಊರಲ್ಲಿ ಬೆಳಗು, ಬೈಗು

ನೀರುಹಕ್ಕಿಗಳನ್ನು ಮಟಮಟ ಮಧ್ಯಾಹ್ನವೇ ನೋಡುವುದು ಬೆಂಗಳೂರಿನವರ ಹಣೆಬರಹ. ವಿಜಯನಗರದಲ್ಲಿ ಸ್ನಾನ, ಪೂಜೆ ಮುಗಿಸಿ ಹೊರಟು, ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ನಿಂತು, ಕೊಕ್ಕರೆ ಬೆಳ್ಳೂರು ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿರುತ್ತದೆ. ಆ ಹೊತ್ತಿನಲ್ಲಿ ಕೊಕ್ಕರೆಗಳಿಗೆ ಇರುವುದು ಒಂದೇ ಕೆಲಸ: ರೆಕ್ಕೆ ಅರೆಬಿಚ್ಚಿ ಮರಿಗಳಿಗೆ ನೆರಳಾಗಿ ನಿಲ್ಲುವುದು. ನಾವು ನಾಲ್ಕು ಫೋಟೊ ತೆಗೆದು, ಮದ್ದೂರು ವಡೆ ಕಟ್ಟಿಸಿಕೊಂಡು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತೇವೆ. ಹಕ್ಕಿಗಳ ದಿನದಲ್ಲಿ ನೋಡಲೇಬೇಕಾದ ಎರಡು ಹೊತ್ತು, ಬೆಳಗು ಮತ್ತು ಬೈಗು, ನಮ್ಮ ಲೆಕ್ಕದಿಂದಲೇ ಬಿಟ್ಟುಹೋಗಿರುತ್ತವೆ.

ಕೆಲಸದಿಂದ ನಿವೃತ್ತನಾದ ಮೇಲೆ ನನಗೂ ನನ್ನಾಕೆಗೂ ಈ ಎರಡು ಹೊತ್ತಿನ ಆಸೆ ಹತ್ತಿತು. ಅದಕ್ಕೊದಗಿದ್ದು ಬಾಡಿಗೆಯ ಕ್ಯಾರವಾನ್. ಒಳಗೆ ಮಂಚ, ಅಂಗೈಯಗಲದ ಅಡುಗೆಕಟ್ಟೆ, ಮುಖ್ಯವಾಗಿ ನಮ್ಮ ವಯಸ್ಸಿನವರ ಧೈರ್ಯವನ್ನೆಲ್ಲ ಹೊತ್ತಿರುವ ಶೌಚಾಲಯ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ನಿವೃತ್ತ ದಂಪತಿಗಳು ಇಂಥ ಗಾಡಿಗಳಲ್ಲಿ ತಿಂಗಳುಗಟ್ಟಲೆ ಸುತ್ತುತ್ತಾರೆ. ಫ್ಲಾರಿಡಾದ ಜೌಗುನಾಡು ಎವರ್‌ಗ್ಲೇಡ್ಸ್ 1947ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅದರ ಒಳಗೇ ಈ ಗಾಡಿಗಳಿಗೆ ತಂಗುದಾಣಗಳಿವೆ. ನಮ್ಮ ನೆರೆಯ ಕೇರಳವೂ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿ ರೂಪಿಸಿತು.

ಗಾಡಿ ಹೊರಟರೆ ಕೆಂಗೇರಿ ದಾಟುವವರೆಗೆ ಅಲ್ಲಲ್ಲಿ ವೃಷಭಾವತಿ ಹೊಳೆ ಜೊತೆಗಿರುತ್ತದೆ. ನಮ್ಮ ಭಾಗದ ಮಕ್ಕಳಿಗೆ ಹೊಳೆಯ ಗುರುತು ಸಿಗುವುದೇ ಮೂಗಿನಿಂದ. ಈ ಪಾಪದ ನೀರೂ ಅರ್ಕಾವತಿಯನ್ನು ಕೂಡಿ ಕಾವೇರಿಗೇ ಹೋಗುತ್ತದೆ. ಬೆಳ್ಳೂರಿನ ಹಕ್ಕಿಗಳಿಗೆ ಮೀನುಣಿಸುವ ಶಿಂಷೆಯೂ ಕಾವೇರಿಗೇ. ಚನ್ನಪಟ್ಟಣ ಕಳೆದು ರುದ್ರಾಕ್ಷಿಪುರದಲ್ಲಿ ಎಡಕ್ಕೆ ಹೊರಳಿದರೆ ಹೆದ್ದಾರಿಯ ಸದ್ದು ಅಡಗಿ, ರೇಷ್ಮೆಸೊಪ್ಪಿನ ಹೊಲ, ಕಬ್ಬಿನ ಗದ್ದೆ, ರಾಗಿ ಮೆದೆ ಶುರುವಾಗುತ್ತವೆ.

ಕೊಕ್ಕರೆ ಬೆಳ್ಳೂರಿಗೆ ಗೇಟಿಲ್ಲ, ಟಿಕೆಟ್ಟಿಲ್ಲ. ಹಕ್ಕಿಗಳು ಗೂಡು ಕಟ್ಟುವುದು ಮನೆಗಳ ನಡುವಿನ ಹುಣಸೆ, ಅರಳಿ, ಅತ್ತಿ ಮರಗಳಲ್ಲಿ. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳನ್ನು ಈ ಊರು ಕಾಣುವುದು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ. ಅಂಗಳಕ್ಕೆ ಹಿಕ್ಕೆ ಬಿದ್ದರೆ ಮುನಿಸಿಲ್ಲ. ಮರದಡಿಯ ಮಣ್ಣಿನೊಂದಿಗೆ ಅದನ್ನು ಬಾಚಿ ಗೊಬ್ಬರ ಮಾಡಿ ಹೊಲಕ್ಕೆ ಹಾಕುವುದು ಹಳೆಯ ರೂಢಿ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಹಾರಲು ಬಿಡುವ ಹೆಜ್ಜಾರ್ಲೆ ಬಳಗ ಎಂಬ ಊರಿನವರದೇ ಕೂಟವಿದೆ. 2007ರಲ್ಲಿ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ಊರಾಚೆಯ ತೋಟವೊಂದರಲ್ಲಿ ಕೇಳಿಕೊಂಡು ಗಾಡಿ ನಿಲ್ಲಿಸಿ ಮಲಗಿದ್ದೆವು. ಇನ್ನೂ ಕತ್ತಲಿರುವಾಗಲೇ ಹಾಲು ಕಾಯಿಸುತ್ತ ನಿಂತಿದ್ದ ನನ್ನನ್ನು, "ರೀ, ಗ್ಯಾಸ್ ಆರಿಸಿ ಬನ್ನಿ, ಶುರುವಾಯ್ತು" ಎಂದು ನನ್ನಾಕೆ ಕರೆದಳು. ಮೊದಲು ಕೇಳಿಸಿದ್ದು ಮರಿಗಳ ಗಲಾಟೆ. ದೊಡ್ಡ ಕೊಕ್ಕರೆಗೆ ದನಿ ಅಷ್ಟಕ್ಕಷ್ಟೆ. ಅದರ ಮಾತೆಲ್ಲ ಕೊಕ್ಕು ಕುಟ್ಟುವ ಟಕಟಕದಲ್ಲಿ. ಬೆಳಕು ಮೂಡಿದಂತೆ ಮೊದಲು ಬಿಳುಪು ಕಂಡಿತು, ಆಮೇಲೆ ರೆಕ್ಕೆಯ ಕಪ್ಪು, ಹಳದಿ ಕೊಕ್ಕು. ಬಾಲದ ಬಳಿಯ ಗುಲಾಬಿ ಗರಿ ಕಂಡದ್ದು ಎಲ್ಲಕ್ಕಿಂತ ಕೊನೆಗೆ. ಮಧ್ಯಾಹ್ನದ ಬಿಸಿಲಿಗೆ ಪೇಲವವಾಗುವ ಆ ಗುಲಾಬಿ, ಸೂರ್ಯ ಇನ್ನೂ ಓರೆಯಾಗಿರುವ ಸ್ವಲ್ಪ ಹೊತ್ತು ಮಾತ್ರ ತನ್ನ ನಿಜವಾದ ರಂಗಿನಲ್ಲಿರುತ್ತದೆ.

ಹೆಜ್ಜಾರ್ಲೆಗೆ ಅಂಥ ಬಣ್ಣವಿಲ್ಲ. ಬೂದು ಮೈ, ಚುಕ್ಕಿಯಿರುವ ಕೊಕ್ಕು, ಅದರಡಿ ಜೋಲುವ ಚೀಲ. ಕೊಂಬೆಯ ಮೇಲೆ ಕೂತಾಗ ಇದು ಹಾರೀತೆಂದು ನಂಬಿಕೆ ಬಾರದು. ಹಾರಿದಾಗ ಮಾತ್ರ ಬೆರಗು. ಕುತ್ತಿಗೆ ಹಿಂದಕ್ಕೆ ಮಡಚಿ, ನಾಲ್ಕಾರು ಬಡಿತ ಬಡಿದು, ಆಮೇಲೆ ರೆಕ್ಕೆ ಚಾಚಿ ತೇಲುತ್ತದೆ. ತಿರುಗಿ ಬಂದರೆ ಮರಿ ತನ್ನ ತಲೆಯನ್ನೇ ತಾಯಿಯ ಗಂಟಲ ಚೀಲಕ್ಕೆ ತೂರಿಸಿ ಉಣ್ಣುತ್ತದೆ. ಕೈಯಲ್ಲಿದ್ದ ಕಾಫಿ ಆರಿಹೋದದ್ದು ಇಬ್ಬರಿಗೂ ತಿಳಿಯಲಿಲ್ಲ.

ಬೈಗಿನ ಹೊತ್ತು ರಂಗನತಿಟ್ಟಿನದು. ಮಂಡ್ಯದ ಆಲೆಮನೆಗಳ ಬೆಲ್ಲದ ಘಮಲು ದಾಟಿ ಶ್ರೀರಂಗಪಟ್ಟಣಕ್ಕೆ ಬಂದು, ಸಂಜೆ ನಾಲ್ಕರ ಮೇಲೆ ದೋಣಿ ಹತ್ತಿದೆವು. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಟ್ಟಿಸಿದ ಅಣೆಕಟ್ಟೆಯಿಂದಾಗಿ ಕಾವೇರಿಯ ನಡುವೆ ಈ ತಿಟ್ಟುಗಳಾದವು. ನೀರಾವರಿಗೆಂದು ಮನುಷ್ಯ ಕಟ್ಟಿದ್ದು ಹಕ್ಕಿಗಳಿಗೆ ಊರಾಯಿತು. ಪಕ್ಷಿತಜ್ಞ ಸಲೀಂ ಅಲಿ ಅವರ ಮಾತಿನ ಮೇಲೆ 1940ರಲ್ಲಿ ಮೈಸೂರು ಸಂಸ್ಥಾನ ಇದನ್ನು ಪಕ್ಷಿಧಾಮವಾಗಿಸಿತು. ಬರೀ 40 ಎಕರೆಯಷ್ಟು ಜಾಗ. 2022ರಲ್ಲಿ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದ ಕರ್ನಾಟಕದ ಮೊದಲ ತಾಣ ಇದೇ.

ದೋಣಿಗೆ ಇಂಜಿನ್ ಇಲ್ಲದಿರುವುದು ದೊಡ್ಡ ಸುಖ. ಹುಟ್ಟಿನ ಸದ್ದಿಗೆ ಬಂಡೆಯ ಮೇಲಿನ ಮೊಸಳೆ ಕಣ್ಣನ್ನೂ ಮಿಟುಕಿಸುವುದಿಲ್ಲ. ಚಮಚದಂಥ ಕೊಕ್ಕಿನ ಹಕ್ಕಿಗಳು ಕಡ್ಡಿ ಹೊತ್ತು ಹಿಂತಿರುಗುತ್ತವೆ, ನೀರುಕಾಗೆಗಳು ರೆಕ್ಕೆ ಬಿಡಿಸಿ ಕೊನೆಯ ಬಿಸಿಲಿಗೆ ಒಣಗುತ್ತವೆ, ರೀವಗಳು ನೀರಿಗೆ ತಾಗಿಯೂ ತಾಗದಂತೆ ಹಾದುಹೋಗುತ್ತವೆ. ಧಾಮದ ಬಾಗಿಲು ಮುಚ್ಚಿದ ಮೇಲೆ ಹೊಳೆದಂಡೆಯ ಹೋಟೆಲೊಂದರ ಅಂಗಳದಲ್ಲಿ ಗಾಡಿ ನಿಲ್ಲಿಸಿ ಕುರ್ಚಿ ಹಾಕಿಕೊಂಡೆವು. ಕೊಕ್ಕರೆಗಳು ಮನೆ ಸೇರುವ ಆಕಾಶದಲ್ಲೇ ಬಾವಲಿಗಳು ಕೆಲಸಕ್ಕೆ ಹೊರಟವು. ಹಗಲಿಡೀ ಬಿದಿರುಮೆಳೆ, ಮರಗಳಲ್ಲಿ ತಲೆಕೆಳಗಾಗಿ ನೇತಾಡುವ ಅವುಗಳಿಗೆ ಅದೇ ಬೆಳಗು.

ಹೊರಡುವಾಗ ಗಾಡಿಯೇ ದೊಡ್ಡದೆನಿಸಿತ್ತು. ಅದರ ನಿಜವಾದ ಉಪಕಾರ ಮಂಚವೂ ಅಲ್ಲ, ಒಲೆಯೂ ಅಲ್ಲ. ಹಕ್ಕಿಗಳ ಹೊತ್ತಿಗೆ ಹಕ್ಕಿಗಳ ಪಕ್ಕದಲ್ಲಿ ಇರಿಸಿದ್ದು. ಅದಕ್ಕೆ ಕ್ಯಾರವಾನೇ ಬೇಕೆಂದೇನಿಲ್ಲ. ಮದ್ದೂರಿನಲ್ಲೋ ಶ್ರೀರಂಗಪಟ್ಟಣದಲ್ಲೋ ಒಂದು ಕೋಣೆ ಹಿಡಿದರೂ ನಡೆಯುತ್ತದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಹೋಗಿ. ಗೂಡುಗಳ ತುಂಬ ಮರಿಗಳಿರುತ್ತವೆ. ಊರಿನೊಳಗೆ ಹಾರನ್ ಒತ್ತಬೇಡಿ, ಮರದಡಿ ಗದ್ದಲ ಬೇಡ. ಒಂದು ರಾತ್ರಿ ಉಳಿದು ಬನ್ನಿ.